ಎಡಗಡೆಯ ಬೆಂಚು

ಪಾದ್ರಿ ಜಯಪ್ರಕಾಶ್ ಫೋನಿನಲ್ಲಿ ಕೇಳಿದ್ದು ಸಣ್ಣ ಉಪಕಾರ. ಮಿಸ್ ಎನಿಡ್ ಫಾಲ್ಕನರ್ ಹಾಸಿಗೆ ಹಿಡಿದಿದ್ದಾರೆ, ತೊಂಬತ್ತೊಂದು ವಯಸ್ಸು, ಶನಿವಾರ ಬೆಳಿಗ್ಗೆ ಮನೆಗೇ ಹೋಗಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಬೇಕು. ಜೊತೆಗೆ ಬರಬೇಕಾಗಿದ್ದ ಸಭಾಹಿರಿಯರಿಗೆ ಮಂಡಿನೋವು, ಅವರ ಬದಲು ಕಮಲಾಕರ ಅಂಕಲ್ ಬರುತ್ತೀರಾ? ಕಮಲಾಕರ "ನೋಡೋಣ" ಎಂದು ಫೋನಿಟ್ಟ. ಗಂಡನ ಬಾಯಲ್ಲಿ "ನೋಡೋಣ" ಎಂದರೆ "ಇಲ್ಲ" ಎಂದೇ ಅರ್ಥವೆಂದು ಹೆಂಡತಿ ಸುಮತಿಗೆ ಗೊತ್ತಿತ್ತು.

"ಕರದ್ರ ಹೋಗಬೇಕ್ರಿ. ತಾಟು ಹಿಡಕೊಂಡು ನಿಂದ್ರೂದು ಅಷ್ಟ. ನಿಮಗೇನ್ ಪ್ರಸಂಗ ಮಾಡ್ರಿ ಅಂದಾರೇನು?"

"ಆಕಿ ಮನಿಗಿ ನಾ ಹೋಗಂಗಿಲ್ಲ."

ಯಾಕೆ ಎಂದು ಸುಮತಿ ಕೇಳಲಿಲ್ಲ. ಮದುವೆಯಾದ ನಲವತ್ತು ವರ್ಷದಲ್ಲಿ ಆ ಕಥೆಯನ್ನು ನಾನೂರು ಸಲವಾದರೂ ಕೇಳಿ ಅವಳ ಕಿವಿ ಸವೆದಿತ್ತು.

ಕಥೆ ಇಷ್ಟೇ. ಸಾವಿರದ ಒಂಬೈನೂರ ಅರವತ್ತಾರರಲ್ಲಿ ಕಮಲಾಕರನ ಅಪ್ಪನಿಗೆ ಚೆನ್ನೈಯ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸವಾಯಿತು. ಗದಗಿನ ಹತ್ತಿರದ ಬೆಟಗೇರಿಯಿಂದ ಸಂಸಾರ ಬಂದಿಳಿಯಿತು. ಮೊದಲನೆಯ ಭಾನುವಾರ ಅಪ್ಪನಿಗೆ ಡ್ಯೂಟಿ. ಅವ್ವ ಕರುಣಾಬಾಯಿ ಒಂಬತ್ತು ವರ್ಷದ ಮಗನ ಕೈ ಹಿಡಿದು ಕ್ವಾರ್ಟರ್ಸಿನ ಹಿಂದಿನ ಚರ್ಚಿಗೆ ಹೋದಳು. ಊರ ಗುಡಿಯಂತೆ ಊರ ಚರ್ಚಿಗೂ ಒಂದು ಪದ್ಧತಿ ಇರುತ್ತದೆ. ಬೆಟಗೇರಿಯಲ್ಲಿ ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ. ಅವ್ವ ಅದೇ ಅಭ್ಯಾಸದಲ್ಲಿ ಎಡಗಡೆಯ ಮೂರನೆಯ ಬೆಂಚಿಗೆ ಹೋಗಿ ಕುಳಿತಳು. ಬೆತ್ತ ಹೆಣೆದ ಬೆಂಚು, ಮೇಲೆ ಫ್ಯಾನು. "ಈ ಊರಾಗ ಹೆಂಗಸರಿಗಿ ಫ್ಯಾನ್ ಹಾಕ್ಯಾರ ನೋಡು" ಎಂದು ಮಗನ ಕಿವಿಯಲ್ಲಿ ಹೇಳಿ ಹಿಗ್ಗಿದಳು.

ಪಾಪ, ಅವಳಿಗೇನು ಗೊತ್ತು! ಎಡಗಡೆ ಇದ್ದದ್ದು ಹೆಂಗಸರಿಗಲ್ಲ, ಆಂಗ್ಲೋ ಇಂಡಿಯನ್ನರಿಗೆ. ಡ್ರೈವರು, ಗಾರ್ಡು, ಫೋರ್‌ಮನ್ನುಗಳ ಸಂಸಾರಗಳು ಫ್ರಾಕು, ಟೋಪಿ ಹಾಕಿಕೊಂಡು ಅಲ್ಲಿ ಕೂರುತ್ತಿದ್ದವು. ತಮಿಳರು, ತೆಲುಗರು, ಕನ್ನಡದವರು ಎಲ್ಲರೂ ಬಲಗಡೆ, ಗಟ್ಟಿ ಹಲಗೆಯ ಮೇಲೆ. ಹಾಗೆಂದು ಯಾರೂ ಎಲ್ಲೂ ಬರೆದು ಹಾಕಿರಲಿಲ್ಲ. ಸ್ವರ್ಗದಲ್ಲಿ ಒಂದೇ ಮಂದೆ, ಒಬ್ಬನೇ ಕುರುಬ ಎಂದು ಪಾದ್ರಿಗಳು ವಾರವಾರವೂ ಸಾರುತ್ತಿದ್ದರು. ಪೆರಂಬೂರಿನ ಮಟ್ಟಿಗೆ ಎರಡು ಮಂದೆ ಇದ್ದರೆ ಅವರಿಗೂ ಅಡ್ಡಿಯಿರಲಿಲ್ಲ.

ಭೋಜನಕ್ಕೆ ಮುಂಚೆ ಸಮಾಧಾನ ಕೊಡುವ ಪದ್ಧತಿ ಆಗಲೂ ಇತ್ತು. ಪಾದ್ರಿ ಮುಂದಿನವನ ಎರಡೂ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು "ದೇವರ ಸಮಾಧಾನ" ಎನ್ನಬೇಕು, ಅವನು ಪಕ್ಕದವನಿಗೆ, ಹೀಗೆ ಕೈಯಿಂದ ಕೈಗೆ ಕೊನೆಯ ಬೆಂಚಿನ ತನಕ. ಅವ್ವನ ಪಕ್ಕದಲ್ಲಿ ಬಿಳಿ ಗ್ಲೌಸು ಹಾಕಿದ ಮಿಸ್ ಎನಿಡ್ ಇದ್ದಳು, ರೈಲ್ವೆ ಸ್ಕೂಲಿನ ಟೀಚರು. ಅವಳಿಗೆ ಸಮಾಧಾನ ಬಂತು. ಅವ್ವ ನಗುತ್ತಾ ಎರಡೂ ಕೈ ಒಡ್ಡಿದಳು. ಎನಿಡ್ ಅವಳನ್ನು ನೋಡಿದಳು, ನೋಡಿ, ಅವಳ ಮೈಮೇಲಿಂದಲೇ ಬಗ್ಗಿ ಆಚೆ ಕುಳಿತ ಇನ್ನೊಬ್ಬ ಮೇಡಮ್ಮಿಗೆ ಕೈ ಕೊಟ್ಟಳು. ಅವ್ವನ ಕೈ ಗಾಳಿಯಲ್ಲೇ ಉಳಿಯಿತು. ಒಡ್ಡಿದ ಕೈ ಹಿಂದಕ್ಕೆ ಹೇಗೆ ತೆಗೆದುಕೊಳ್ಳುವುದೆಂದು ತಿಳಿಯದೆ ಅವಳು ತಿರುಗಿ ಮಗನ ಕೈ ಹಿಡಿದು, ತನಗೆ ಸಿಗದ ಸಮಾಧಾನವನ್ನು ಅವನಿಗೆ ಕೊಟ್ಟಳು. ಮುಂದಿನ ವಾರದಿಂದ ಬಲಗಡೆ, ಬಾಗಿಲ ಪಕ್ಕ, ಕೊನೆಯ ಬೆಂಚು. ಮನೆಯಲ್ಲಿ ಆ ಮಾತು ಅವಳು ಎತ್ತಲಿಲ್ಲ. ಅವಳು ಎತ್ತಲಿಲ್ಲವೆಂದೇ ಮಗ ಮರೆಯಲಿಲ್ಲ.

ವಿಚಿತ್ರವೆಂದರೆ, ಅಷ್ಟು ಸಿಟ್ಟಿದ್ದರೂ ಆ ಕಾಲವನ್ನು ನೆನೆದರೆ ಕಮಲಾಕರನಿಗೆ ಇವತ್ತಿಗೂ ಎದೆ ತುಂಬುತ್ತದೆ. ವರ್ಕ್‌ಶಾಪಿನ ಸೈರನ್ನಿಗೆ ಏಳುವ ಬೀದಿ. ಕ್ರಿಸ್ಮಸ್ಸಿನ ವಾರ ಈ ಸಾಲಿನ ಮನೆಗಳಲ್ಲಿ ಕರ್ಜಿಕಾಯಿ ಕರಿಯುವ ವಾಸನೆ, ಆ ಸಾಲಿನಲ್ಲಿ ಕೇಕು ಬೇಯುವ ವಾಸನೆ. ಗೋಡೆಯಾಚೆ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ಪಿಯಾನೊ, ಡಾನ್ಸು. ಹುಡುಗರೆಲ್ಲ ಗೋಡೆ ಹತ್ತಿ, ಹೊಳೆಯುವ ಬೂಟುಗಳನ್ನು ಎಣಿಸುತ್ತಿದ್ದರು. ಆಮೇಲೆ ಒಂದೊಂದೇ ಸಂಸಾರ ಆಸ್ಟ್ರೇಲಿಯಾಕ್ಕೆ ಹೊರಟಿತು. ಎಡಗಡೆಯ ಬೆಂಚುಗಳು ಖಾಲಿಯಾದವು, ಬಲಗಡೆಯವರು ಹಿಗ್ಗಿ ಅಲ್ಲಿಗೂ ಹರಡಿದರು. ಈಗ ಎಲ್ಲರ ತಲೆಯ ಮೇಲೂ ಫ್ಯಾನು. ಉಳಿದವಳು ಎನಿಡ್ ಒಬ್ಬಳೇ. ಅವರೆಲ್ಲ ಹೋದದ್ದು ಕಮಲಾಕರನಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಬೈಯುವುದಕ್ಕಾದರೂ ಜನ ಬೇಕಲ್ಲ!

"ರೊಂಬ ಆತು ನಿಮ್ಮದು" ಎಂದಳು ಸುಮತಿ. ಅವಳ ಧಾರವಾಡದ ಮಾತಿಗೆ ಚೆನ್ನೈಯ ತಮಿಳು ಯಾವಾಗಲೋ ಬೆರೆತುಹೋಗಿತ್ತು. "ಅತ್ತಿ ಇದ್ದಿದ್ರ ನಿಮ್ಮನ್ನ ದಬ್ಬಿ ಕಳಸ್ತಿದ್ರು."

ಆ ಮಾತು ನಾಟಿತು. "ಹೋಗತೀನಿ. ಆದ್ರ ಸಮಾಧಾನದ ಕೈ ಮಾತ್ರ ಕೊಡಂಗಿಲ್ಲ" ಎಂದ ಕಮಲಾಕರ. ಪಾದ್ರಿ ತನಗೆ ಕೊಟ್ಟ ಸಮಾಧಾನವನ್ನು ತಾನು ಆಕೆಗೆ ಕೊಡಬೇಕು, ಪದ್ಧತಿ ಅದು. ಆದರೆ ಎರಡೂ ಕೈಯಲ್ಲಿ ತಟ್ಟೆ ಹಿಡಿದವನನ್ನು ಯಾರು ಕೈ ಕೇಳುತ್ತಾರೆ? ಅರವತ್ತೆಂಟರ ಗಂಡಸು ಹೀಗೊಂದು ಹಂಚಿಕೆ ಹಾಕಿಕೊಂಡು ಶನಿವಾರ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಹೊರಟ.

ಎನಿಡ್ ಮನೆಯಲ್ಲಿ ಪೆಪ್ಪರ್ ವಾಟರ್ ಕುದಿಯುವ ವಾಸನೆ. ಪೆಪ್ಪರ್ ವಾಟರ್ ಎಂದರೆ ನಮ್ಮ ಸಾರೇ. ಹೆಸರು ಇಂಗ್ಲಿಷಾದ ಮಾತ್ರಕ್ಕೆ ಹುಣಿಸೆಹಣ್ಣು ಬೇಡವೆನ್ನುವುದಿಲ್ಲ. ಮಂಚದ ಮೇಲೆ ದಿಂಬಿಗೊರಗಿ ಕುಳಿತಿದ್ದ ಹೆಂಗಸು ಒಂದು ಹಿಡಿಯಷ್ಟಾಗಿದ್ದಳು. ಕಮಲಾಕರ ರೊಟ್ಟಿಯ ತಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಬಾಗಿಲ ಹತ್ತಿರವೇ ನಿಂತ.

"ಯಾರು ಮೆನ್ ಅದು, ಮೀಸೆಯವನು?" ಎಂದು ಮಂಜಾದ ಕಣ್ಣು ಕಿರಿದು ಮಾಡಿ, ಮಾತಿಗೊಂದು "ಮೆನ್" ಸೇರಿಸುವ ತನ್ನವರ ಇಂಗ್ಲಿಷಿನಲ್ಲಿ ಕೇಳಿದಳು.

ಪಾದ್ರಿ ಬಾಯಿ ತೆರೆಯುವ ಮೊದಲೇ ಕಮಲಾಕರ ಬೇಕೆಂದೇ ಗಟ್ಟಿಯಾಗಿ ಹೇಳಿದ: "ಕರುಣಾಬಾಯಿಯ ಮಗ."

ಎನಿಡ್ ದಿಂಬಿನಿಂದ ಬೆನ್ನೆತ್ತಿ ಕುಳಿತಳು. ಆಮೇಲೆ ಪಾಠ ಒಪ್ಪಿಸುವ ಮಗುವಿನಂತೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು:

"ತಪ್ಪಾತವ್ವಾ."

ತಮಿಳಿನ ಪಾದ್ರಿಗೆ ಏನೂ ತಿಳಿಯಲಿಲ್ಲ. ತಿಳಿದದ್ದು ಕಮಲಾಕರನಿಗೆ. ಮೀಸೆಯ ಗಂಡಸನ್ನು "ಅವ್ವಾ" ಎಂದಳಲ್ಲ! ಬೆಟಗೇರಿಯ ಓಣಿಯ ಮಾತು ಈ ಬಿಳೀ ಮುದುಕಿಯ ಬಾಯಿಗೆ ಬಂದದ್ದಾದರೂ ಎಲ್ಲಿಂದ? ಅವನು ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಹತ್ತಿರ ಹೋದ.

"ಇದನ್ನು ನಿಮಗೆ ಯಾರು ಕಲಿಸಿದರು?"

"ನಿನ್ನ ಅಮ್ಮ" ಎಂದಳು ಎನಿಡ್. ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಎನಿಡ್‌ಳ ತಾಯಿ ಲಕ್ವ ಹೊಡೆದು ಮಲಗಿದ್ದಳಂತೆ. ಅಕ್ಕತಂಗಿಯರೆಲ್ಲ ಆಸ್ಟ್ರೇಲಿಯಾದಲ್ಲಿ, ಆಯಾ ಕೆಲಸ ಬಿಟ್ಟು ಹೋಗಿದ್ದಳು. ಒಂದು ದಿನ ಕರುಣಾಬಾಯಿ ಬಂದು ಬಾಗಿಲು ತಟ್ಟಿದಳು. "ನಾಚಿಕೆಯಾಗಿ ನಾನು ತೆರೆಯಲಿಲ್ಲ. ಮರುದಿನವೂ ಬಂದಳು. ಆಮೇಲೆ ನಾಲ್ಕು ತಿಂಗಳು, ದಿನಾ ಹನ್ನೊಂದು ಗಂಟೆಗೆ ಬಂದು ನನ್ನ ತಾಯಿಯ ಮೈ ತೊಳೆದು ತಲೆ ಬಾಚುತ್ತಿದ್ದಳು. ಅವಳದೂ ಮುರುಕು ತಮಿಳು, ನನ್ನದೂ ಮುರುಕು ತಮಿಳು. ಮಗನಿಗೆ ಹೇಳಬೇಡ, ಅವನು ಸಿಟ್ಟಿನವನು ಎಂದಿದ್ದಳು."

ಆಗ ಕಮಲಾಕರನಿಗೆ ಇಪ್ಪತ್ತೆರಡು. ಅವನೂ ಅಪ್ಪನೂ ಏಳಕ್ಕೆಲ್ಲ ವರ್ಕ್‌ಶಾಪಿಗೆ ಹೊರಟುಬಿಡುತ್ತಿದ್ದರು. ಹನ್ನೊಂದು ಗಂಟೆಗೆ ಅವ್ವ ಎಲ್ಲಿರುತ್ತಾಳೆಂದು ಅವನು ಒಂದು ದಿನವೂ ಯೋಚಿಸಿರಲಿಲ್ಲ.

"ನನ್ನ ತಾಯಿ ತೀರಿಕೊಂಡ ಮೇಲೆ ಅವಳನ್ನು ಕೇಳಿದೆ, ನಿಮ್ಮ ಭಾಷೆಯಲ್ಲಿ ಕ್ಷಮೆ ಕೇಳುವುದು ಹೇಗೆ ಎಂದು. ನಗುತ್ತಾ ಕಲಿಸಿದಳು. ಚರ್ಚಿನಲ್ಲಿ ನಾನು ಮಾಡಿದ್ದಕ್ಕೆ ಆ ಮಾತು ಅವಳಿಗೆ ಹೇಳಿದೆ. ಅವಳೂ ಏನೋ ಒಂದು ಹೇಳಿ ನಲ್ಲಿಯ ಕಡೆ ಹೋದಳು. ಅದರ ಅರ್ಥ ಕೇಳಲು ನನಗೆ ಧೈರ್ಯ ಬರಲಿಲ್ಲ. ಕ್ಷಮಿಸಿದಳೋ ಬೈದಳೋ ಇವತ್ತಿಗೂ ಗೊತ್ತಿಲ್ಲ. ಅವಳು ತೀರಿಕೊಂಡ ಮೇಲೆ ನಿನ್ನನ್ನು ಕೇಳೋಣವೆಂದರೆ, ನೀನು ಚರ್ಚಿನಲ್ಲಿ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಆದರೆ ಮಾತು ಮರೆತಿಲ್ಲ, ಕೇಳು."

ಎನಿಡ್ ಕಣ್ಣು ಮುಚ್ಚಿ, ಉಸಿರು ಕೂಡಿಸಿಕೊಂಡು ಹೇಳಿದಳು: "ಹುಚಿ, ಅದನ ಅವತ ಬಿಟೀನಿ ನಾ."

ಒತ್ತಕ್ಷರವೆಲ್ಲ ಉದುರಿಹೋಗಿದ್ದರೂ ಅದು ಅವ್ವನ ದನಿಯೇ. ಸತ್ತು ಇಪ್ಪತ್ತೇಳು ವರ್ಷವಾದ ಅವ್ವ ಆ ಕೋಣೆಯಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮಾತನಾಡಿದಂತಾಯಿತು. ಕಮಲಾಕರನ ಕಣ್ಣು ತುಂಬಿತು. ಜೊತೆಗೆ ಅವ್ವನ ಮೇಲೆ ಸ್ವಲ್ಪ ಸಿಟ್ಟೂ ಬಂತು. ಎಲ್ಲ ತಾನೇ ತೀರಿಸಿಕೊಂಡು ಅವನನ್ನು ಹೊರಗೇ ನಿಲ್ಲಿಸಿದ್ದಳಲ್ಲ! ಅವಳು ಕೆಳಗಿಟ್ಟು ಬಂದ ಹೊರೆಯನ್ನು ಅವಳದೆಂದೇ ತಿಳಿದು ಇಷ್ಟು ವರ್ಷ ಹೊತ್ತು ತಿರುಗಿದ್ದ. ಅದನ್ನು ಇಳಿಸಿಬಿಟ್ಟರೆ ಅವ್ವನಿಗೆ ದ್ರೋಹವಾದೀತೆಂಬ ಭಯ ಬೇರೆ.

ಎನಿಡ್ ಅವನ ಬಾಯನ್ನೇ ನೋಡುತ್ತಿದ್ದಳು. ಬೈದಳು ಎಂದು ಹೇಳಿದರೆ ನಂಬುತ್ತಾಳೆ. ಅಲ್ಲಿ ಕನ್ನಡ ಬಲ್ಲ ಇನ್ನೊಬ್ಬ ಪ್ರಾಣಿ ಇರಲಿಲ್ಲ. ಆ ಯೋಚನೆ ಅವನಿಗೆ ಬರಲಿಲ್ಲವೆಂದರೆ ಸುಳ್ಳಾದೀತು, ಬಂತು, ಒಂದು ಗಳಿಗೆ ಅಲ್ಲೇ ಕುಳಿತಿತ್ತು ಕೂಡ.

"ಹುಚ್ಚು ಹುಡುಗಿ, ಅದನ್ನು ನಾನು ಅವತ್ತೇ ಬಿಟ್ಟುಬಿಟ್ಟೆ. ಅಷ್ಟೇ ಅವಳು ಹೇಳಿದ್ದು" ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ.

"ಅವತ್ತೇ? ಚರ್ಚಿನಲ್ಲಿ, ಆ ದಿನವೇ?"

"ಆ ದಿನವೇ."

ಎನಿಡ್ ಅಳಲಿಲ್ಲ. ಹಾಸಿಗೆಯ ಸುಕ್ಕನ್ನು ಕೈಯಿಂದ ಸವರಿ ಸರಿಮಾಡಿದಳು. ಪಾದ್ರಿ ಜಯಪ್ರಕಾಶ್ ಪುಸ್ತಕ ತೆರೆದವನು ಓದದೆ ಕಾಯುತ್ತಿದ್ದ.

"ನೀನು?" ಎಂದಳು ಎನಿಡ್. "ನೀನು ಯಾವತ್ತು ಬಿಟ್ಟೆ?"

ನಾನೂ ಆಗಲೇ ಎಂದುಬಿಡುವುದು ಸುಲಭವಾಗಿತ್ತು. ಕರ್ತನ ಭೋಜನದ ಮುಂದೆ ಆ ಸುಳ್ಳು ನಾಲಿಗೆಗೆ ಬರಲಿಲ್ಲ.

"ನಾನು ಇವತ್ತು, ಮೇಡಂ" ಎಂದ ಕಮಲಾಕರ.