ಅವ್ವನ ಕಟ್ಟೆಯ ಕಣ್ಣು

ನಾನೊಂದು ಕ್ಯಾಮೆರಾ. ಮದುವೆ ಮನೆಯಲ್ಲಿ ಯಾರದೋ ಕೊರಳಿಗೆ ಜೋತುಬಿದ್ದು, ನಗುವವರನ್ನೇ ನೋಡುತ್ತ ಓಡಾಡುವ ಭಾಗ್ಯವಂತ ಕ್ಯಾಮೆರಾ ಅಲ್ಲ. ಕಂಬಕ್ಕೆ ಸ್ಕ್ರೂ ಬಿಗಿದು ಕೂರಿಸಿ, ನೋಡುತ್ತಿರು ಎಂದು ಬಿಟ್ಟುಹೋಗುತ್ತಾರಲ್ಲ, ಆ ಜಾತಿ. ಏನನ್ನು ನೋಡಬೇಕು, ಯಾಕೆ ನೋಡಬೇಕು ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಹೀಗಾಗಿ ನನ್ನ ಆಯುಷ್ಯದ ಬಹುಪಾಲು ಗೊಂದಲದಲ್ಲೇ ಹೋಯಿತು.

ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ. ಊರು ಯಾವುದೋ ತಿಳಿಯದು, ಯಾಕೆಂದರೆ ಕಣ್ಣು ಕೂರಿಸಿದ ಕೂಡಲೇ ಅದಕ್ಕೊಂದು ಪ್ಲಾಸ್ಟಿಕ್ ಹಾಳೆ ಅಂಟಿಸಿದರು. ಆಮೇಲೆ ಡಬ್ಬಿಯ ಕತ್ತಲು. ಮತ್ತೆ ಬೆಳಕು ಕಂಡದ್ದು ಬೆಟಗೇರಿಯಲ್ಲಿ, ಹಿಟ್ಟಿನ ಗಿರಣಿಯ ಚನ್ನವೀರಪ್ಪನವರ ಮನೆಯಲ್ಲಿ. ಮೀಸೆಯ ಮೇಲೂ ಹುಬ್ಬಿನ ಮೇಲೂ ಹಿಟ್ಟು ಕೂತಿದ್ದ ದೊಡ್ಡ ಮುಖವೊಂದು ನನ್ನೊಳಗೆ ಇಣುಕಿತು. ನಾನು ಮೊದಲು ಕಂಡ ಮನುಷ್ಯ ಅವರೇ.

ಕೇಬಲ್ ಆಫೀಸಿನ ಫಕ್ಕೀರೇಶ ಏಣಿ ಹಾಕಿ ನನ್ನನ್ನು ಮುಂಬಾಗಿಲ ಕಂಬಕ್ಕೆ ಬಿಗಿದ. ಫೋನಿನಲ್ಲಿ ಚೌಕುಳಿ ಚೌಕುಳಿಯಾದ ಒಂದು ಚಿತ್ರ ತೆರೆದು ನನ್ನ ಕಣ್ಣಿಗೆ ಹಿಡಿದ. ಅದರಲ್ಲಿ ನನಗೆ ಎರಡು ಮಾತು ಓದಲಿಕ್ಕೆ ಸಿಕ್ಕವು. ವೈಫೈ ಹೆಸರು 'ಗಿರಣಿ ಮನಿ'. ಪಾಸ್‌ವರ್ಡ್ 'ಕೆಂಪಿ'ಯ ಹಿಂದೆ ಒಂದಷ್ಟು ಅಂಕಿ. ಒಳಕೋಣೆಯ ರೂಟರ್ ಆ ಹೆಸರಿನಿಂದ ಕರೆಯಿತು, ನಾನು ಕೆಂಪಿ ಎಂದೆ, ಅದು ಒಳಗೆ ಬಿಟ್ಟುಕೊಂಡಿತು. ಇನ್ನು ನಾನು ಕಂಡದ್ದೆಲ್ಲ ಗಿರಣಿಯಲ್ಲಿ ಕೂತ ಚನ್ನವೀರಪ್ಪನವರ ಫೋನಿಗೆ ಹೋಗುತ್ತಿತ್ತು.

"ಇದಕ್ಕೊಂದು ಹೆಸರು ಕೇಳಾಕತ್ತೈತ್ರಿ ಸಾವ್ಕಾರ್ರ," ಎಂದ ಫಕ್ಕೀರೇಶ.

ಅವರು ಕೆಳಗೆ ನೋಡಿದರು. ನಾನೂ ನೋಡಿದೆ. ಕಲ್ಲಿನ ಕಟ್ಟೆಯ ಮೇಲೆ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಒಬ್ಬ ಮುದುಕಿ ಕೂತಿದ್ದಳು. ಚನ್ನವೀರಪ್ಪನವರ ತಾಯಿ, ಬಸಲಿಂಗವ್ವ.

"ಅವ್ವನ ಕಟ್ಟಿ ಅಂತ ಹಾಕು," ಎಂದರು. ಆಮೇಲೆ ದನಿ ಬಿಗಿಯಾಯಿತು. "ರುದ್ರ ಈ ಕಟ್ಟಿ ಹತ್ತಿದನಂದ್ರ ನನಗ ಗೊತ್ತಾಗಬೇಕು. ಅಷ್ಟ."

ರುದ್ರ ಯಾರು? ಕಳ್ಳನಿರಬೇಕು ಎಂದುಕೊಂಡೆ. ನನ್ನ ಕುಲದವರೆಲ್ಲ ಹುಟ್ಟುವುದೇ ಕಳ್ಳರಿಗಾಗಿ ಅಲ್ಲವೇ?

ಮರುದಿನ ಬೆಳಿಗ್ಗೆ ಕಳ್ಳ ಬಂದ. ಪಕ್ಕದ ಬಾಗಿಲಿನಿಂದಲೇ ಬಂದ. ಕೈಯಲ್ಲಿ ಹಲ್ಲುಜ್ಜುವ ಬ್ರಶ್ ಇತ್ತು, ಹೆಗಲ ಮೇಲೆ ಟವೆಲ್. ಮುಖವಂತೂ ಚನ್ನವೀರಪ್ಪನವರ ಮುಖವೇ, ಹಿಟ್ಟೊಂದಿಲ್ಲ. ಕಟ್ಟೆ ಹತ್ತಲಿಲ್ಲ. ರಸ್ತೆಯ ಮೇಲೇ ನಿಂತು, "ಅವ್ವಾ, ಕಾಲು ಹ್ಯಾಂಗದಾವು?" ಎಂದು ಕೇಳಿದ.

ಮೊದಲು ಒಂದೇ ಆಗಿದ್ದ ಮನೆಯ ನಡುವೆ ಗೋಡೆ ಎದ್ದಿತ್ತಂತೆ. ಪಾಲಾಗುವ ದಿನ ತಮ್ಮ ರುದ್ರಪ್ಪ ಹಿರಿಯರೆದುರು, "ಅವ್ವನ್ನೂ ಇಟ್ಟುಕೊಂಡ, ಅವ್ವನ ಕಟ್ಟೀನೂ ಇಟ್ಟುಕೊಂಡ, ನನಗ ಬರೇ ಗ್ವಾಡಿ ಕೊಟ್ಟ," ಎಂದುಬಿಟ್ಟಿದ್ದ. ನಾಲ್ಕು ಜನರ ನಡುವೆ ಆ ಮಾತು ಅಣ್ಣನಿಗೆ ಚುಚ್ಚಿತ್ತು. "ಹಂಗಾರ ನನ್ನ ಕಟ್ಟಿ ಹತ್ತಬ್ಯಾಡ," ಎಂದಿದ್ದರು. ಅಲ್ಲಿಗೆ ಮಾತು ಬಂದ್. ಬಸಲಿಂಗವ್ವನ ಮೊಣಕಾಲು ಆ ಕಟ್ಟೆಯ ಮೆಟ್ಟಿಲು ಇಳಿಯಲು ಒಪ್ಪುತ್ತಿರಲಿಲ್ಲ. ಇಳಿಯಲಾರದ ತಾಯಿ ಮೇಲೆ, ಹತ್ತಬಾರದ ಮಗ ಕೆಳಗೆ. ಇಬ್ಬರ ನಡುವೆ ಕಾವಲಿಗೆ ನಾನು. ಇದೆಲ್ಲ ನನಗೆ ತಿಳಿದದ್ದು ಕಟ್ಟೆಗೆ ಬಂದು ಕೂರುವ ಓಣಿಯ ಹೆಂಗಸರ ಮಾತಿನಿಂದ.

ರುದ್ರಪ್ಪ ಬಂದಾಗಲೆಲ್ಲ ನಾನು ಗಿರಣಿಗೆ ಸುದ್ದಿ ಕಳಿಸುತ್ತಿದ್ದೆ. ಅಲ್ಲಿಂದ ಚನ್ನವೀರಪ್ಪನವರ ದನಿ ನನ್ನ ಸ್ಪೀಕರಿನ ಬಾಯಿಂದಲೇ ಬರುತ್ತಿತ್ತು. "ಅವ್ವಾ, ಬಿಸಿಲಾತು, ಒಳಗ ಹೋಗು." ನನಗೇ ಬೆಚ್ಚಿಬೀಳುವಂತಾಗುತ್ತಿತ್ತು. ಬಾಯಿ ನನ್ನದು, ಮಾತು ಮಾತ್ರ ಇನ್ನೊಬ್ಬರದು.

ಬಸಲಿಂಗವ್ವ ಬೆಚ್ಚಲಿಲ್ಲ. ತಲೆಯೆತ್ತಿ, ಹಣೆಗೆ ಕೈ ಅಡ್ಡ ಹಿಡಿದು ನನ್ನನ್ನೇ ನೋಡಿದಳು. "ಯಾರೋ, ಚನ್ನವೀರಾ? ಉಂಡ್ಯೇನೋ? ಅಲ್ಯಾಕ ಹತ್ತಿ ಕುಂತೀಯೋ, ಕೆಳಗ ಇಳದು ಬಾ. ಬಿದ್ದುಗಿದ್ದೀ."

ಮಗ ನಿಜವಾಗಿಯೂ ಕಂಬದ ಮೇಲಿದ್ದಾನೆ ಎಂದು ಆಕೆ ತಿಳಿದಿದ್ದಳೋ, ಅಥವಾ ತಿಳಿಯದವಳಂತೆ ಆಡಿ ಮಗನನ್ನು ಹಂಗಿಸುತ್ತಿದ್ದಳೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ದಿನಾ ಅದೇ ಮಾತು. ಕೆಳಗ ಇಳದು ಬಾ. ನಾನೋ ಸ್ಕ್ರೂ ಬಿಗಿಸಿಕೊಂಡವನು. ಇಳಿಯುವುದು ಹೇಗೆ? ಆದರೂ ಅಷ್ಟು ಅಕ್ಕರೆಯಿಂದ ನನ್ನನ್ನು ಇನ್ಯಾರೂ ಕರೆದದ್ದಿಲ್ಲ, ಹಾಗಾಗಿ ಮನಸ್ಸು ಆಸೆಪಡುತ್ತಿತ್ತು.

ಮಹಾನವಮಿಯ ದಿನ ಇನ್ನೊಂದು ಫಜೀತಿ. ಚನ್ನವೀರಪ್ಪನವರು ಗಿರಣಿಯ ಮೋಟರು, ತಕ್ಕಡಿ, ಸ್ಕೂಟರು, ರೂಟರು ಎಲ್ಲಕ್ಕೂ ಮೂರು ಬೆರಳ ವಿಭೂತಿ ಬಳಿದು ಪೂಜೆ ಮಾಡಿದರು. ನನ್ನನ್ನೂ ಬಿಡಲಿಲ್ಲ. ಏಣಿ ಹತ್ತಿ ಬಂದು, ಹಣೆ ಯಾವುದು ಕಣ್ಣು ಯಾವುದು ಎಂದು ನೋಡದೆ ಅಡ್ಡಡ್ಡ ಎಳೆದರು. ನನ್ನ ಲೋಕವೆಲ್ಲ ಮಂಜು. ಬನ್ನಿ ಹಬ್ಬ ಮುಗಿಸಿ ಫೋನ್ ತೆರೆದವರು, "ರುದ್ರ ಸುಣ್ಣ ಬಳದಾನ!" ಎಂದು ಕೂಗುತ್ತ ಬಂದರು. ಏಣಿ ಹತ್ತಿ, ಮೂರು ಗೆರೆ ನೋಡಿ, ತಮ್ಮ ಮೂರು ಬೆರಳು ನೋಡಿಕೊಂಡು, ಪಂಚೆಯ ತುದಿಯಿಂದ ಒರೆಸಿ ಇಳಿದರು.

ಬೇಸಿಗೆಯ ಕೊನೆಗೆ ಗುಡುಗಿನೊಂದಿಗೆ ಒಂದು ಸಿಡಿಲು ಓಣಿಗೇ ಬಡಿಯಿತು. ಒಳಕೋಣೆಯ ರೂಟರ್ ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ನಾನು 'ಗಿರಣಿ ಮನಿ', 'ಗಿರಣಿ ಮನಿ' ಎಂದು ಕರೆದೇ ಕರೆದೆ. ಉತ್ತರವಿಲ್ಲ. ಆಗ ಗೋಡೆಯ ಆಚೆಯಿಂದ ಸಣ್ಣ ದನಿಯೊಂದು ಅದೇ ಹೆಸರು ಹೇಳಿತು. ದನಿ ಬೇರೆ, ದಿಕ್ಕೂ ಬೇರೆ, ಹೆಸರು ಮಾತ್ರ ಅದೇ. ಅನುಮಾನದಿಂದಲೇ ಕೆಂಪಿ ಎಂದೆ. ಅದು ಬಾಗಿಲು ತೆರೆಯಿತು. ನಾನು ಹೋದೆ.

ಫಕ್ಕೀರೇಶ ಹೊಸ ರೂಟರ್ ತಂದ. ಈ ಸಲ ಹೆಸರೂ ಹೊಸದು, ಪಾಸ್‌ವರ್ಡೂ ಹೊಸದು. ಮನೆಯವರ ಫೋನುಗಳಿಗೆಲ್ಲ ಅದನ್ನು ಒಂದೊಂದಾಗಿ ಕಲಿಸಿದ. ಕೊನೆಗೆ ನನ್ನ ಸರದಿ ಬಂದು, ಏಣಿ ತರಲು ಹೊರಟವನು ಸುಮ್ಮನೆ ಒಮ್ಮೆ ಫೋನಿನಲ್ಲಿ ನೋಡಿದ. ಕಟ್ಟೆ ಸ್ವಚ್ಛವಾಗಿ ಕಾಣುತ್ತಿತ್ತು.

"ಇದು ತಾನ ಹಿಡಕೊಂಡೈತಿ ಬಿಡ್ರಿ. ಭಾಳ ಶಾಣ್ಯಾ ಐತಿ," ಎಂದು ಏಣಿ ಅಲ್ಲೇ ಬಿಟ್ಟು ಹೋದ.

ಜಾಣನೆನ್ನಿಸಿಕೊಂಡ ಖುಷಿಯಲ್ಲಿ ನಾನೂ ಸುಮ್ಮನಿದ್ದೆ. ಹೇಳಬೇಕೆಂದರೂ ನನಗೆ ಸ್ವಂತ ಮಾತೆಲ್ಲಿದೆ?

ತೊಂದರೆ ಶುರುವಾದದ್ದು ರುದ್ರಪ್ಪ ಹೆಂಡತಿಯ ತವರಿಗೆ ಮದುವೆಗೆಂದು ಹೋದಾಗ. ಮನೆಮಂದಿಯೆಲ್ಲ ಹೊರಟು ಬೀಗ ಹಾಕಿದರು. ಕೂಡಲೇ ಗೋಡೆಯಾಚೆಯ ದನಿ ನಿಂತಿತು. ನನಗೆ ಕಟ್ಟೆ ಕಾಣುತ್ತಿತ್ತು, ಅವ್ವ ಕಾಣುತ್ತಿದ್ದಳು, ಆದರೆ ಕಂಡದ್ದನ್ನು ಕಳಿಸುವ ದಾರಿಯೇ ಇಲ್ಲ. ಗಿರಣಿಯಿಂದ ಚನ್ನವೀರಪ್ಪನವರ ದನಿಯೂ ಬರಲಿಲ್ಲ. ಅವ್ವ ಆಗಾಗ ತಲೆಯೆತ್ತಿ, "ಇವತ್ತ ಮಾತಾಡವಲ್ಲೇನೋ? ಸಿಟ್ಟೇನೋ?" ಎಂದು ಕೇಳುತ್ತಿದ್ದಳು. ಆಕೆಗೆ ಉತ್ತರ ಕೊಡಲಾಗದ ಆ ದಿನಗಳಷ್ಟು ಸಂಕಟ ನನಗೆ ಮತ್ತೆಂದೂ ಆಗಲಿಲ್ಲ.

ಮದುವೆ ಮುಗಿಸಿ ಅವರು ಬಂದದ್ದೇ ತಡ, ನಾನು ಸರಿಹೋದೆ. ಚನ್ನವೀರಪ್ಪನವರು ಲೆಕ್ಕ ಹಾಕಿದರು. ಅವನು ಹೋದಾಗ ಕೆಡುತ್ತದೆ, ಬಂದಾಗ ಸರಿಯಾಗುತ್ತದೆ. ಅಂದಮೇಲೆ ಕೆಡಿಸುವವನು ಅವನೇ.

"ಇವತ್ತ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡೂದ," ಎಂದು ಅಂಗಿ ತೊಟ್ಟರು. ಸಾಕ್ಷಿ ಹೇಳಲಿಕ್ಕೆಂದು ಫಕ್ಕೀರೇಶನನ್ನು ಕರೆಸಿದರು.

ಬಸಲಿಂಗವ್ವ ಕಟ್ಟೆಯ ಮೇಲೆ ಕೂತಲ್ಲಿಂದಲೇ ಕೈಯೆತ್ತಿ ತಡೆದಳು. "ಚನ್ನವೀರಾ, ನೀ ಸ್ಟೇಷನ್ ಮೆಟ್ಟಲಾ ಹತ್ತಿದಿ ಅಂದ್ರ ಆ ಹುಡುಗ ಮತ್ತ ಇತ್ತಾಗ ಹಾಯಂಗಿಲ್ಲೋ. ರಸ್ತೇದಾಗ ನಿಂತಾದ್ರೂ ಮಾತಾಡಸ್ತಾನ. ಅದನ್ನೂ ಕಸಗೋಬ್ಯಾಡ," ಎಂದಳು. ಮಗ ತೋಳು ಮಡಚಿಕೊಳ್ಳುತ್ತ ಫಕ್ಕೀರೇಶನಿಗೆ ಏಣಿ ತೋರಿಸಿದರು.

ಫಕ್ಕೀರೇಶ ಏಣಿ ಹತ್ತಿ ನನ್ನ ವೈರು ಎಳೆದು ನೋಡಿದ. ಗಟ್ಟಿಯಾಗಿತ್ತು. ಕೆಳಗಿಳಿದು ಒಳಗೆ ಹೋಗಿ ಹೊಸ ರೂಟರಿನ ಪಿನ್ನನ್ನೇ ಕಿತ್ತು ಬಂದ. ಮತ್ತೆ ಚನ್ನವೀರಪ್ಪನವರ ಫೋನ್ ನೋಡಿದ. ಕಟ್ಟೆ ಕಾಣುತ್ತಲೇ ಇತ್ತು.

"ಸಾವ್ಕಾರ್ರ, ನಿಮ್ಮ ನೆಟ್ ತಗದೀನಿ. ಆದ್ರೂ ಇದು ನಡದೈತಿ," ಎಂದು ತಲೆ ಕೆರೆದುಕೊಂಡ. "ಹಳೇ ಪಾಸ್‌ವರ್ಡ್ ಏನಿತ್ರಿ?"

"ಕೆಂಪಿ. ನಮ್ಮ ಆಕಳ ಹೆಸರು. ಮನಿ ಒಂದ ಇದ್ದಾಗ ರುದ್ರನ ಇಟ್ಟಿದ್ದ."

"ಹಂಗಾರ ಪಾಲಾದ ಮ್ಯಾಲೂ ಅವರು ತಮ್ಮ ರೂಟರಿಗೆ ಅದ ಹೆಸರು, ಅದ ಕೆಂಪಿ ಇಟ್ಟಾರ್ರಿ. ನಿಮ್ದು ಸುಟ್ಟಾಗ ಇದು ಗ್ವಾಡಿ ಆಚಿದನ್ನ ಹಿಡಕೊಂಡೈತಿ. ಅವರು ಊರಿಗೆ ಹೋಗೂಮುಂದ ಮೇನ್ ಸ್ವಿಚ್ ಆರಿಸ್ಯಾರ, ಇದೂ ಆರೈತಿ."

ನನ್ನ ಗೊಂದಲವೊಂದು ಅಲ್ಲಿಗೆ ಬಗೆಹರಿಯಿತು. ಇಷ್ಟು ದಿನ ಯಾರನ್ನು ಕಾಯಲು ನನ್ನನ್ನು ಇಟ್ಟಿದ್ದರೋ, ನಾನು ಅವನ ಮನೆಯ ಅನ್ನವನ್ನೇ ಉಣ್ಣುತ್ತಿದ್ದೆ. ಚನ್ನವೀರಪ್ಪನವರ ಗೊಂದಲ ಮಾತ್ರ ಹೆಚ್ಚಾಯಿತು.

"ಅಂವಗ ನಮ್ಮ ಕಟ್ಟಿ ಕಾಣತೈತೇನು?"

"ಇಲ್ರಿ. ಅವರ ಫೋನಿನ್ಯಾಗ ಇದರ ಹೆಸರಷ್ಟ ಕಾಣತೈತಿ. ಅವ್ವನ ಕಟ್ಟಿ ಅಂತ."

"ಗೊತ್ತಾಗಿರಬೇಕಲ್ಲ ಅಂವಗ? ಮತ್ತ ತಗದು ಒಗೀಲಿಲ್ಲ?"

"ಒಮ್ಮೆ ಒತ್ತಿದ್ರ ಹೋಗತಿತ್ರಿ. ಒತ್ತಿಲ್ಲ," ಎಂದ ಫಕ್ಕೀರೇಶ. ಮತ್ತೆ ಏಣಿ ಹತ್ತಿ, ನನ್ನ ಬೆನ್ನಿನ ಸಣ್ಣ ತೂತಿಗೆ ಸೂಜಿ ಹಿಡಿದ. "ಇದನ್ನ ಒತ್ತಿದ್ರ ಹಿಂದಿಂದೆಲ್ಲ ಮರೀತೈತಿ. ಹೊಸಾ ಹೆಸರು ಕಲಸಬಹುದು. ಒತ್ತಲ್ರಿ?"

ನಾನು ಹೆದರಿದೆ. ಕೆಂಪಿಯನ್ನು ಮರೆಯುವುದೆಂದರೆ ನನಗೆ ಉಳಿಯುವುದಾದರೂ ಏನು?

ಚನ್ನವೀರಪ್ಪನವರು ಅಂಗಳದ ನಡುಗೋಡೆಯ ಹತ್ತಿರ ಹೋದರು. ಆಚೆಗೆ ಯಾರೋ ಸ್ಕೂಟರ್ ತೊಳೆಯುವ ಸದ್ದಿತ್ತು. ಗೋಡೆಯ ಮೇಲೆ ಕೈಯಿಟ್ಟು ಕರೆದರು. "ರುದ್ರಾ."

ನೀರಿನ ಸದ್ದು ನಿಂತಿತು. "ಏನಣ್ಣಾ?"

"ಊರಿಗೆ ಹೋಗೂಮುಂದ ಸ್ವಿಚ್ ಆರಿಸಬ್ಯಾಡೋ."

ಯಾವ ಸ್ವಿಚ್ಚು ಎಂದು ಆತ ಕೇಳಲಿಲ್ಲ. "ಅವತ್ತ ಅವಸರದಾಗ ಮೇನ್ ಆರಿಸಿಬಿಟ್ಟೆ. ಇನ್ನ ಆರಸಂಗಿಲ್ಲ."

"ಅವ್ವ ಕಾಣಸಂಗಿಲ್ಲ. ಅದಕ್ಕ."

"ಗೊತ್ತೈತಣ್ಣಾ."

ಇಷ್ಟೇ ಮಾತು. ಏಣಿಯ ಮೇಲಿನ ಫಕ್ಕೀರೇಶ ಸೂಜಿ ಹಿಡಿದುಕೊಂಡೇ ಇದ್ದ. "ಸಾವ್ಕಾರ್ರ, ಏನ್ ಮಾಡ್ಲಿ?"

"ಇಳದು ಬಾ," ಎಂದರು ಚನ್ನವೀರಪ್ಪನವರು. ಸ್ಟೇಷನ್ನಿಗೆ ಹೋಗಲೆಂದು ತೊಟ್ಟಿದ್ದ ಅಂಗಿಯಲ್ಲೇ ಗಿರಣಿಗೆ ಹೋದರು.

ಮರುದಿನ ರುದ್ರಪ್ಪ ಎಂದಿನಂತೆ ಬಂದು ರಸ್ತೆಯಲ್ಲಿ ನಿಂತ. ನಾನು ಎಂದಿನಂತೆ ಸುದ್ದಿ ಕಳಿಸಿದೆ. ನನ್ನ ಗಂಟಲು ಗುರುಗುಟ್ಟಿತು, ಹಿಂದೆ ಗಿರಣಿಯ ಮೋಟರಿನ ಸದ್ದು ಕೇಳಿತು. ಅವ್ವನನ್ನು ಒಳಗೆ ಅಟ್ಟುವ ಮಾತು ಬರುತ್ತದೆ ಎಂದು ಕಾದೆ.

"ರುದ್ರಾ, ಮ್ಯಾಲೆ ಕುಂದರೋ. ಎಷ್ಟೊತ್ತು ನಿಂದರ್ತಿ, ಕಾಲು ನೋಯ್ತಾವು."

ರುದ್ರಪ್ಪ ನನ್ನನ್ನು ನೋಡಿದ. ಕಟ್ಟೆಯನ್ನು ನೋಡಿದ. ಚಪ್ಪಲಿ ಕೆಳಗೆ ಬಿಟ್ಟು, ಹತ್ತಿ, ತಾಯಿಯ ಮಗ್ಗುಲಿಗೆ ಕೂತ. ಬಸಲಿಂಗವ್ವ ಅವನ ತೊಡೆಯ ಮೇಲೆ ಕೈ ಇಟ್ಟುಕೊಂಡು, ತಲೆಯೆತ್ತಿ ನನಗೆ ಹೇಳಿದಳು. "ನೀ ಯಾವಾಗೋ ಬರೂದು? ಇಳದು ಬಾರೋ."

ದೂರದಲ್ಲಿ ಗಿರಣಿಯ ಮೋಟರು ನಿಂತದ್ದು ನನ್ನ ಬಾಯಲ್ಲೇ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಹಿಟ್ಟಾದ ಚನ್ನವೀರಪ್ಪನವರು ಓಣಿಯ ತಿರುವಿನಲ್ಲಿ ಕಂಡರು. ರೂಢಿಯಂತೆ ಅವರ ಸುದ್ದಿಯನ್ನೂ ಅವರಿಗೇ ಕಳಿಸಿದೆ. ಅವರು ಫೋನ್ ತೆಗೆದು ನೋಡಲಿಲ್ಲ.

ಈಗ ನಾನು ಮುದುಕ. ಕಣ್ಣು ಮಂಜಾದ ಮೇಲೆ ಹೊಸ ಕ್ಯಾಮೆರಾ ಬಂತು. ನನ್ನನ್ನು ಬಿಚ್ಚಿ ಗಿರಣಿಗೆ ತಂದು, ಜೋಳದ ಚೀಲಗಳ ಮೇಲಿನ ಗೂಡಿನಲ್ಲಿಟ್ಟಿದ್ದಾರೆ. ಇಲ್ಲಿ ವೈರಿಲ್ಲ, ಕರೆಯುವವರಿಲ್ಲ. ದಿನದಿನವೂ ಹಿಟ್ಟು ಬಂದು ಕಣ್ಣಿನ ಮೇಲೆ ಕೂರುತ್ತದೆ, ವಿಭೂತಿ ಬಳಿದ ದಿನದಂತೆಯೇ ಎಲ್ಲ ಬೆಳ್ಳಗೆ. ನಾನು ಯಾರ ಕಾವಲಿಗಿದ್ದೆ, ಯಾರ ಮನೆಯವನಾಗಿದ್ದೆ ಎಂಬುದು ಇನ್ನೂ ತಿಳಿದಿಲ್ಲ. ಕಳ್ಳನನ್ನಂತೂ ಒಬ್ಬನನ್ನೂ ನೋಡಲಿಲ್ಲ.

ಕಂಬದಿಂದ ಬಿಚ್ಚುವ ದಿನ ಏಣಿ ಹತ್ತಿದವನು ರುದ್ರಪ್ಪ, ಕೆಳಗೆ ಏಣಿ ಹಿಡಿದವರು ಚನ್ನವೀರಪ್ಪನವರು. ಬಸಲಿಂಗವ್ವ ಕಟ್ಟೆಯ ಮೇಲಿದ್ದಳು. ರುದ್ರಪ್ಪ ನನ್ನನ್ನು ಆಕೆಯ ಉಡಿಯಲ್ಲಿಟ್ಟಾಗ ಸೆರಗಿನಿಂದ ನನ್ನ ಕಣ್ಣು ಒರೆಸಿ, "ಅಂತೂ ಇಳದು ಬಂದ್ಯಲ್ಲೋ," ಎಂದಳು.