ಅಮಾಸಿ ದಿನದ ರಾತ್ರಿ ಪಾಳಿ

ಅಮಾವಾಸ್ಯೆಯ ದಿನ ಅಮರಗುಂಡಪ್ಪನ ಅಕ್ಕಿ ಗಿರಣಿ ಬಂದ್. ಇದು ಇವತ್ತು ನಿನ್ನೆಯ ಮಾತಲ್ಲ. ಸಿಂಧನೂರಿನ ಮಸ್ಕಿ ರಸ್ತೆಯಲ್ಲಿರುವ ಆ ಗಿರಣಿಯಲ್ಲಿ ಅವನ ಅಪ್ಪನ ಕಾಲದಿಂದಲೂ ಅಮಾವಾಸ್ಯೆ ಬಂತೆಂದರೆ ಬಾಯ್ಲರಿನ ಬೆಂಕಿ ಆರಿಸುತ್ತಾರೆ, ಯಂತ್ರಗಳ ಮೈ ಒರೆಸಿ ವಿಭೂತಿ ಹಚ್ಚುತ್ತಾರೆ, ಕಾಯಿ ಒಡೆಯುತ್ತಾರೆ. ಹಮಾಲರು ಹೋಳಿಗೆ ಉಂಡು ಚೀಲಗಳ ನೆರಳಿಗೆ ಉರುಳುತ್ತಾರೆ. ಭತ್ತದ ಸುಗ್ಗಿಯ ನಡುವೆ ಗೇಟಿನ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದರೂ ಅಷ್ಟೇ, ಗಿರಣಿ ಮಿಸುಕುವುದಿಲ್ಲ. ಅಂಥ ಗಿರಣಿಯ ಮಾಲೀಕನ ಮಗಳೇ ಅಮಾವಾಸ್ಯೆಯ ಮಟಮಟ ಮಧ್ಯಾಹ್ನ ಅರ್ಧ ಊರಿಗೆ ಕೇಳುವಂತೆ ಗಿರಣಿ ಸದ್ದು ಎಬ್ಬಿಸಿದಳು ಅಂದರೆ ಜನ ಸುಮ್ಮನಿರುತ್ತಾರೆಯೇ? ಸುಮ್ಮನಿರಲಿಲ್ಲ. ಒಳ್ಳೆಯದೇ ಆಯಿತು ಬಿಡಿ.

ಮಗಳ ಹೆಸರು ದಾನೇಶ್ವರಿ. ಗಿರಣಿಯ ಆಫೀಸು ನೋಡಿಕೊಳ್ಳುತ್ತಾಳೆ, ಉಳಿದ ಹೊತ್ತಿನಲ್ಲಿ ಹಾಡು ಕಟ್ಟುತ್ತಾಳೆ. ಹಾಡು ಅಂದರೆ ನೀವು ಅಂದುಕೊಂಡ ಹಾಡಲ್ಲ. ಇಂಡಸ್ಟ್ರಿಯಲ್ ರಾಕ್ ಅಂತ ಒಂದಿದೆ: ಯಂತ್ರದ ಸದ್ದನ್ನೇ ತಾಳ ಮಾಡಿಕೊಂಡು, ಅದರ ಮೇಲೆ ಗಿಟಾರು ಕಿರುಚಿಸಿ, ಗಂಟಲು ಹರಿಯುವ ಹಾಗೆ ಕೂಗುವುದು. ಜೊತೆಗೆ ಇಬ್ಬರು. ಗಿಟಾರಿಗೆ ಮಸ್ಕಿಯ ಗುರುಬಸವ. ಲಿಂಗಸುಗೂರಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ, ದಿನಾ ಬೈಕಿನಲ್ಲಿ ಓಡಾಡುತ್ತಾನೆ, ಇಡೀ ದಿನ ಸಾಹೇಬರ ಮುಂದೆ ತಗ್ಗಿಸಿದ ದನಿಯನ್ನೆಲ್ಲ ಸಂಜೆ ತಂತಿಯ ಮೇಲೆ ಬಡಿದು ತೀರಿಸಿಕೊಳ್ಳುತ್ತಾನೆ. ಡ್ರಮ್ಮಿಗೆ ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಆನಂದಕುಮಾರ, ಮನೆಯಲ್ಲಿ ಬಂಗಾಳಿ, ಬೀದಿಯಲ್ಲಿ ನಮ್ಮ ಮಾತು, ಕೈಗೆ ಸಿಕ್ಕಿದ ಎಣ್ಣೆ ಪೀಪಾಯಿಯೆಲ್ಲ ಅವನಿಗೆ ಡ್ರಮ್ಮೇ. ತಂಡಕ್ಕೆ ಇಟ್ಟ ಹೆಸರು ‘ಹೊಟ್ಟು’.

ಮೂವರೂ ಸೇರಿ ಎರಡು ವರ್ಷ ಒದ್ದಾಡಿ ಒಂದು ಡಬಲ್ ಆಲ್ಬಮ್ ಮಾಡಿದ್ದರು. ಮೊದಲ ಭಾಗ ‘ಹಗಲ ಪಾಳಿ’: ಮೋಟಾರು, ಯಂತ್ರ ತಿರುಗಿಸುವ ಬೆಲ್ಟಿನ ಪಟ್ಟಾ, ಹಮಾಲರ ಕೂಗು, ಬಡಿದದ್ದೇ ಬಡಿದದ್ದು. ಎರಡನೆಯದು ‘ರಾತ್ರಿ ಪಾಳಿ’: ಭತ್ತ ನೆನೆಹಾಕಿದ ತೊಟ್ಟಿಯಲ್ಲಿ ಗುಳ್ಳೆ ಒಡೆಯುವ ಸದ್ದು, ಬಾಯ್ಲರಿನ ನಿಟ್ಟುಸಿರು, ಎಲ್ಲೋ ಒಂದೇ ಯಂತ್ರ ನಿಧಾನಕ್ಕೆ ಓಡುವ ಸದ್ದು, ಅದರ ನಡುವೆ ಎದ್ದು ಬೀಳುವ ಗಿಟಾರು. ದಾನೇಶ್ವರಿ ಚಿಕ್ಕವಳಿದ್ದಾಗ ಸುಗ್ಗಿಯ ತಿಂಗಳಲ್ಲಿ ಅವ್ವ ಕಲ್ಯಾಣಮ್ಮ ಗಿರಣಿಯಲ್ಲೇ ಒಲೆ ಹೂಡಿ ಹಮಾಲರಿಗೆ ಅಡುಗೆ ಮಾಡುತ್ತಿದ್ದಳು. ಮಗಳು ಖಾಲಿ ಚೀಲದ ಮೇಲೆ ಆ ಸದ್ದು ಕೇಳುತ್ತಲೇ ನಿದ್ದೆ ಹೋಗುತ್ತಿದ್ದಳು. ಹಗಲ ಪಾಳಿಯನ್ನು ಜನ ಬೆಚ್ಚಲಿ ಅಂತ ಮಾಡಿದ್ದಳು. ರಾತ್ರಿ ಪಾಳಿಯನ್ನು ಮಾತ್ರ ಕರುಳಿನಿಂದ ಮಾಡಿದ್ದಳು.

ಮುಂಬೈಯ ಒಂದು ಮ್ಯೂಸಿಕ್ ಕಂಪನಿಗೆ ಕಳಿಸಿದರು. ಅವರು ತಮ್ಮ ಕೇಳುಗರ ಬಳಗಕ್ಕೆ ಕೇಳಿಸಿ, ಅಭಿಪ್ರಾಯಗಳನ್ನು ಕಟ್ಟಿ ವಾಪಸು ಕಳಿಸಿದರು. ಹಗಲ ಪಾಳಿ ಎದೆಗೆ ಗುದ್ದಿದ ಹಾಗಿದೆ ಅಂತ ಒಬ್ಬ. ಇಂಥದ್ದನ್ನು ಈ ದೇಶದಲ್ಲಿ ಕೇಳಿರಲಿಲ್ಲ ಅಂತ ಇನ್ನೊಬ್ಬಳು. ದಾನೇಶ್ವರಿ ಓದುತ್ತ ಕುರ್ಚಿಯಲ್ಲಿ ಕೂತಲ್ಲೇ ಕುಣಿದಳು. ಮುಂದಕ್ಕೆ ಓದಿದರೆ ರಾತ್ರಿ ಪಾಳಿ: ನಿದ್ದೆ ಬಂತು. ಅರ್ಧಕ್ಕೆ ನಿಲ್ಲಿಸಿದೆ. ಈ ಕಾಲದಲ್ಲಿ ಇಷ್ಟು ಹೊತ್ತು ಯಾರು ಕೂಡುತ್ತಾರೆ? ದುರಾಸೆಯ ಆಲ್ಬಮ್ಮು, ಅರ್ಧ ಬಿಟ್ಟಿದ್ದರೆ ಬಂಗಾರ. ಕೊನೆಗೆ ಕಂಪನಿಯ ಮಾತು: ರಾತ್ರಿ ಪಾಳಿ ತೆಗೆದರೆ ನಾವೇ ಹೊರತರುತ್ತೇವೆ, ಸೋಮವಾರ ಸಂಜೆಯೊಳಗೆ ತಿಳಿಸಿ.

ಆ ಸೋಮವಾರವೇ ಅಮಾವಾಸ್ಯೆ.

“ತೆಗದಬಿಡೂಣ ದಾನಾ,” ಅಂದ ಗುರುಬಸವ. “ಅವರು ಹೇಳೋದು ಖರೇ ಐತಿ. ಕೇಳೋರ ಇಲ್ಲಂದ್ರ ಹಾಡು ಮಾಡಿ ಯಾರಿಗಿ ಕೊಡೂದು?”

“ಅವರೇನು ಗಿರಣಿ ಕಂಡಾರೇನು, ನೆಲ್ಲು ಕಂಡಾರೇನು?” ದಾನೇಶ್ವರಿಗೆ ಅಳು ಬಂದಿತ್ತು, ಸಿಟ್ಟಿನ ಹಾಗೆ ತೋರಿಸಿಕೊಂಡಳು.

“ಹಂಗಾರ ಕಂಡವರನ್ನೇ ಕೇಳೂಣ,” ಅಂದ ಗುರುಬಸವ. “ನಮ್ಮ ಮಂದಿ ಮುಂದ ಹಚ್ಚೂಣ. ರಾತ್ರಿ ಪಾಳಿ ನಡದಾಗ ಎದ್ದು ಹೋದ್ರೋ, ಕತ್ರಿ ಹಾಕೂದು. ಕಡೀತನ ಕುಂತ್ರೋ, ಮುಂಬೈದವರಿಗಿ ಒಂದು ಶರಣು ಹೊಡಿಯೂದು. ಕಬೂಲೇನು?”

ಆನಂದಕುಮಾರ ಇಬ್ಬರ ಮುಖ ನೋಡಿದ. ದಾನೇಶ್ವರಿ “ಕಬೂಲ್” ಅಂದಳು.

ಅಪ್ಪನನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. “ದಿನಾ ಆ ಸಪ್ಪಳ ಕೇಳಿ ಕೇಳಿ ನನ್ನ ಕಿವಿ ಹೈರಾಣಾಗ್ಯಾವ,” ಅಂದ ಅಮರಗುಂಡಪ್ಪ. “ಅಮಾಸಿಗೊಂದಿನ ಅದು ಬಾಯಿ ಮುಚ್ಚತೈತಿ. ಅವತ್ತೂ ಅದನ್ನ ಪೆಟಿಗ್ಯಾಗ ಹಾಕಿ ಕೇಳಸ್ತೀಯೇನಬೇ?”

“ಒಂದಿನ ಕೇಳ್ರಿ, ಏನಾಗತೈತಿ,” ಅಂದಳು ಕಲ್ಯಾಣಮ್ಮ, ಹೋಳಿಗೆ ತಟ್ಟುತ್ತ. “ಮದಿವಿ ಮಾಡಿಕೋ ಮದಿವಿ ಮಾಡಿಕೋ ಅಂತ ನೀವು ಹಾಡೋದನ್ನ ಆಕಿ ದಿನಾ ಕೇಳಂಗಿಲ್ಲೇನು?”

ಅಮರಗುಂಡಪ್ಪ ಟವಲು ಹೆಗಲಿಗೆ ಹಾಕಿಕೊಂಡು, ಅಂಗಳ ಖಾಲಿ ಮಾಡಲು ಹಮಾಲರಿಗೆ ಹೇಳಿದ.

ಗುರುಬಸವ ರಜೆ ಹಾಕಿ, ಮಸ್ಕಿಯಿಂದ ಮದುವೆ ಮೆರವಣಿಗೆಯ ಆಳೆತ್ತರದ ಡಿಜೆ ಬಾಕ್ಸುಗಳನ್ನು ತಂದ. ಭತ್ತ ಒಣಗಿಸುವ ಸಿಮೆಂಟಿನ ಅಂಗಳದಲ್ಲಿ ಅವನ್ನು ನಿಲ್ಲಿಸಿದರು. ಕೇಳಲು ಕೂತವರು ಅಂದರೆ ಅಪ್ಪ, ಅವ್ವ, ಗಿರಣಿಯಲ್ಲಿ ಕಸಗುಡಿಸುವ ಸೂಗಮ್ಮ, ಹೋಳಿಗೆ ಉಂಡು ಆಗಲೇ ಗೊರಕೆ ಹೊಡೆಯುತ್ತಿದ್ದ ಬಾಯ್ಲರಿನ ಪಕೀರಪ್ಪ, ನಾಲ್ಕಾರು ಹಮಾಲರು. ಇಷ್ಟೇ ಜನರ ತೀರ್ಪಿಗೆ ಎರಡು ವರ್ಷದ ದುಡಿತ ಒಪ್ಪಿಸುವುದೇ ಅಂತ ದಾನೇಶ್ವರಿಗೆ ಅನ್ನಿಸಿತು. ಕಣ್ಣುಮುಚ್ಚಿ ಗುಂಡಿ ಒತ್ತಿದಳು.

ಹಗಲ ಪಾಳಿ ಶುರುವಾಗುವುದೇ ಮೋಟಾರು ಏರುವ ಸದ್ದಿನಿಂದ. ಆಮೇಲೆ ಪಟ್ಟಾ, ಆಮೇಲೆ ಜರಡಿ, ಒಂದರ ಹಿಂದೆ ಒಂದು. ಬಾಕ್ಸುಗಳು ಅಂಗಳವನ್ನೇ ನಡುಗಿಸಿದವು.

ಗೇಟಿನ ಹೊರಗೆ ಆದದ್ದೇ ಬೇರೆ. ಸಾಲಗುಂದದ ಕರೀಂಸಾಬ್ ನಾಳೆಯ ಸರದಿಗೆ ಅಂತ ಭತ್ತದ ಟ್ರ್ಯಾಲಿ ನಿಲ್ಲಿಸಿಕೊಂಡು ಸೀಟಿನ ಮೇಲೇ ತೂಕಡಿಸುತ್ತಿದ್ದ. ದಡಕ್ಕನೆ ಎದ್ದು, “ಮಿಲ್ ಚಾಲೂ ಆತಲೇ!” ಅಂತ ಕೂಗಿ ಟ್ರ್ಯಾಕ್ಟರು ಸ್ಟಾರ್ಟ್ ಮಾಡಿ ಒಳಗೆ ನುಗ್ಗಿಸಿಯೇಬಿಟ್ಟ. ಅವನ ಹಿಂದೆ ಸಾಲಿನಲ್ಲಿದ್ದವರೂ ನುಗ್ಗಿದರು. ಇವರು ಮಾಲು ಇಳಿಸಲು ಬಂದರೆ, ರಸ್ತೆಯಾಚೆಯಿಂದ ಬೈಯಲು ಬಂದವರೇ ಬೇರೆ. ಎಲ್ಲರ ಮುಂದೆ ಅಂಬಪ್ಪಜ್ಜ, ಓಣಿಗೆಲ್ಲ ಹಿರಿಯ, ಕೋಲು ಎತ್ತಿಕೊಂಡೇ ಬಂದ.

“ಎಲ್ಲಿ ಅದಾನ ಅಂವ? ಅಮಾಸಿ ದಿನ ಮಿಲ್ ನಡಸ್ತಾನ? ಅವರಪ್ಪ ಇದ್ದಿದ್ರ ಕಾಲು ಮುರೀತಿದ್ದ!”

ಅಮರಗುಂಡಪ್ಪ ಓಡಿಬಂದು ಕೈಮುಗಿದ. “ಬಂದ್ ಐತ್ರೀ ಯಜ್ಜಾ! ನಿಮ್ಮ ಕಣ್ಣಿಲೆ ನೋಡ್ರಿ, ಪಟ್ಟಾ ತಿರಗಾಕತ್ತೈತೇನು?”

ಅಂಬಪ್ಪಜ್ಜ ನಂಬಲಿಲ್ಲ. ಒಳಗೆ ಹೋಗಿ ಒಂದೊಂದು ಯಂತ್ರದ ಮೇಲೂ ಅಂಗೈ ಇಟ್ಟು ನೋಡಿದ. ಎಲ್ಲವೂ ತಣ್ಣಗಿದ್ದವು, ವಿಭೂತಿ ಕೂಡ ಕದಲಿರಲಿಲ್ಲ.

“ಮತ್ತ ಈ ಸಪ್ಪಳ?”

“ನನ್ನ ಮಗಳದು,” ಅಂದ ಅಮರಗುಂಡಪ್ಪ, ತಪ್ಪು ಒಪ್ಪಿಕೊಂಡವನ ಹಾಗೆ.

ಅಂಬಪ್ಪಜ್ಜ ದಾನೇಶ್ವರಿಯನ್ನು ನೋಡಿದ, ಬಾಕ್ಸು ನೋಡಿದ, ಮತ್ತೆ ದಾನೇಶ್ವರಿಯನ್ನು ನೋಡಿದ. “ಏನ್ ಹುಡುಗಿಯಬೇ ನೀ,” ಅಂದವನೇ ಚೀಲದ ಮೇಲೆ ಕೂತುಬಿಟ್ಟ. ಅವನು ಕೂತ ಮೇಲೆ ಉಳಿದವರು ನಿಲ್ಲುವುದೆಲ್ಲಿಂದ ಬಂತು? ಕಲ್ಯಾಣಮ್ಮ ಚಹಾಕ್ಕೆ ಇನ್ನೊಂದು ಪಾತ್ರೆ ನೀರಿಟ್ಟಳು.

ಬಂದವರ ಬಾಯಿ ಸುಮ್ಮನಿರಲಿಲ್ಲ. ಹಾಡಿನ ಮೇಲೆ ಹಾಡು, ಮಾತಿನ ಮೇಲೆ ಮಾತು. “ಗಾಲಿ ಕೆಸರಾಗ ಸಿಕ್ಕಾಗ ನನ್ನ ಎದಿ ಹಿಂಗ ಹೊಡಕೊಂತೈತಿ ನೋಡ್ರಿ,” ಅಂತ ಕರೀಂಸಾಬ್ ಸ್ಟೇರಿಂಗ್ ಹಿಡಿದವನ ಹಾಗೆ ಕೈ ತಿರುಗಿಸಿದ. “ಕಿವಿಗಿ ಹೊಡೀತೈತಿ ಯವ್ವಾ, ಆದ್ರ ಸೊಂಟಕ್ಕ ಚಲೋ ಐತಿ,” ಅಂದಳು ಸೂಗಮ್ಮ, ಕೂತಲ್ಲೇ ತೂಗಾಡುತ್ತ. “ಇದು ಹಾಡಲ್ಲ, ದಿನಾ ಮಾಡೋ ದಂಧೆ,” ಅಂದ ಒಬ್ಬ ಹಮಾಲ. ಹೇಳುತ್ತ ಹೇಳುತ್ತಲೇ ಅವನ ಕಾಲು ತಾಳ ಹಾಕುತ್ತಿತ್ತು.

ಹಗಲ ಪಾಳಿಯ ಕೊನೆಯ ಹಾಡಿನಲ್ಲಿ ಪಟ್ಟಾ ಹರಿದು ಬೀಳುವ ಸದ್ದೊಂದಿದೆ. ಅದು ಬಂದದ್ದೇ ತಡ, ಗೊರಕೆ ಹೊಡೆಯುತ್ತಿದ್ದ ಪಕೀರಪ್ಪ ಚಂಗನೆ ಎದ್ದು, “ಪಟ್ಟಾ ಹೋತೋ! ದೂರ ಸರೀರೋ!” ಅಂತ ಕೂಗುತ್ತ ಓಡಿಹೋಗಿ ಮೇನ್ ಸ್ವಿಚ್ ಎಳೆದುಬಿಟ್ಟ. ಬಾಕ್ಸುಗಳು ಗಪ್ಪಾದವು.

“ಲೇ ಪಕೀರಪ್ಪ! ಹಚ್ಚಲೇ!” ಇಡೀ ಅಂಗಳ ಅವನ ಮೇಲೆ ಬಿತ್ತು. “ಬರೋಬ್ಬರಿ ರಂಗೇರಿದಾಗ ಬಂದ್ ಮಾಡಿದೆಲ್ಲಲೇ!”

ಪಕೀರಪ್ಪ ಕಕ್ಕಾಬಿಕ್ಕಿಯಾಗಿ ಸ್ವಿಚ್ ಮತ್ತೆ ಏರಿಸಿದ. ದಾನೇಶ್ವರಿ ಬಿದ್ದು ಬಿದ್ದು ನಕ್ಕಳು. ಅಷ್ಟು ಒಳ್ಳೆಯ ಬೈಗುಳ ಅವಳು ಈ ತನಕ ಕೇಳಿರಲಿಲ್ಲ.

ಆದರೆ ಹಗಲ ಪಾಳಿಯನ್ನು ಮುಂಬೈಯವರೂ ಮೆಚ್ಚಿದ್ದರು. ಫೈಸಲಾ ಆಗಬೇಕಾದದ್ದು ಇನ್ನು ಮುಂದೆ. ರಾತ್ರಿ ಪಾಳಿ ಶುರುವಾದಾಗ ಬಿಸಿಲು ಇಳಿಯುತ್ತಿತ್ತು. ತೊಟ್ಟಿಯ ಗುಳ್ಳೆಗಳ ಸದ್ದು ಅಂಗಳದ ತುಂಬ ಹರಿದಾಡಿತು. ಜನರ ಮಾತು ನಿಂತಿತು. ನಗು ನಿಂತಿತು. ತಾಳ ಹಾಕುತ್ತಿದ್ದ ಕಾಲುಗಳೂ ನಿಂತವು. ಬೇಸರವಾಯಿತೇನೋ ಅಂತ ದಾನೇಶ್ವರಿ ಒಬ್ಬೊಬ್ಬರ ಮುಖ ನೋಡಿದಳು. ಯಾವ ಮುಖದಲ್ಲೂ ಏನೂ ತಿಳಿಯಲಿಲ್ಲ.

ಮೊದಲು ಎದ್ದವಳು ಸೂಗಮ್ಮ. ಗುರುಬಸವ ದಾನೇಶ್ವರಿಯ ಕಡೆ ಹುಬ್ಬು ಹಾರಿಸಿದ. ಸೂಗಮ್ಮ ನಾಲ್ಕು ಹೆಜ್ಜೆ ಹೋಗಿ, ಖಾಲಿ ಚೀಲವೊಂದನ್ನು ತಂದು, ಬಾಕ್ಸಿನ ಹತ್ತಿರವೇ ಹಾಸಿ ಕೂತಳು. ದಾನೇಶ್ವರಿಗೆ ಹೋದ ಉಸಿರು ಬಂತು. ಮರುಗಳಿಗೆಯಲ್ಲೇ ಕರೀಂಸಾಬ್ ಎದ್ದ. ಅವನು ಕೂಡಲಿಲ್ಲ. ಟ್ರ್ಯಾಲಿಯ ಕೊಂಡಿ ಬಿಚ್ಚಿದ, ಬರೀ ಟ್ರ್ಯಾಕ್ಟರು ಹತ್ತಿದ, ಸದ್ದಾಗದಂತೆ ಮೆಲ್ಲಗೆ ಗೇಟು ದಾಟಿ ಹೋಗೇಬಿಟ್ಟ.

“ಹೋದ,” ಅಂದ ಗುರುಬಸವ. ಅವನ ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ.

ಖಾಲಿ ಚೀಲದ ಮೇಲೆ ಮಲಗಿ ಕೇಳಿದ್ದನ್ನೆಲ್ಲ ಕತ್ತರಿಸಿ ಒಗೆಯಬೇಕಲ್ಲ, ಒಪ್ಪಿದ ಮಾತು ಒಪ್ಪಿದ್ದೇ. ದಾನೇಶ್ವರಿ ಗೇಟಿನ ಕಡೆ ನೋಡಲಾರದೆ ತಲೆ ತಗ್ಗಿಸಿ ಕೂತಳು. ಉದ್ದುದ್ದದ ನಾಲ್ಕೈದು ಹಾಡು ಕಳೆದವು. ಆಮೇಲೆ ಆನಂದಕುಮಾರ ಅವಳ ಭುಜ ತಿವಿದ. ಕರೀಂಸಾಬ್ ಮರಳಿ ಬಂದಿದ್ದ. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಅವನ ತಾಯಿ.

“ಅಮ್ಮಾಗ ನಿದ್ದಿ ಇಲ್ಲರೀ ಅಕ್ಕಾರ, ವರ್ಷ ಆತು,” ಅಂತ ಪಿಸುಗುಟ್ಟಿದ. “ಇದು ಕೇಳಿದ್ರ ಹತ್ತತೈತೇನೋ ಅಂತ ಕರಕೊಂಡ ಬಂದೆ.”

ಮುದುಕಿ ಸೂಗಮ್ಮನ ಚೀಲದ ಮೇಲೆ ಒರಗಿ, ನಿಜವಾಗಿಯೂ ನಿದ್ದೆ ಹೋದಳು. ನಿದ್ದೆ ಬಂತು ಅಂತ ಮುಂಬೈಯವರೂ ಬರೆದಿದ್ದರು, ಅದೇ ಮಾತು. ಈಗ ದಾನೇಶ್ವರಿಗೆ ಆ ಮುದುಕಿಯ ಕಾಲು ಒತ್ತಬೇಕು ಅನ್ನಿಸಿತು.

ಕೊನೆಯ ಹಾಡು ಮುಗಿಯಿತು. ಓಡುತ್ತಿದ್ದ ಒಂದೇ ಯಂತ್ರವೂ ನಿಂತು, ಬಾಕ್ಸುಗಳಲ್ಲಿ ಬರೀ ಮೌನ. ಚಪ್ಪಾಳೆ ಇಲ್ಲ. ಶಹಬ್ಬಾಸ್ ಇಲ್ಲ. ಒಬ್ಬರೂ ಏಳಲಿಲ್ಲ, ಒಬ್ಬರೂ ಮಾತಾಡಲಿಲ್ಲ. ಎಲ್ಲರೂ ದಾನೇಶ್ವರಿಯನ್ನೇ ನೋಡುತ್ತ ಕೂತರು.

“ಮುಗೀತ್ರಿ,” ಅಂದಳು ಸಣ್ಣ ದನಿಯಲ್ಲಿ.

“ಮುಗೀತಂದ್ರ?” ಅಂಬಪ್ಪಜ್ಜ ಕೋಲಿನ ಮೇಲೆ ಗದ್ದ ಊರಿ ಕೇಳಿದ. “ಮಂಗಳ ಎಲ್ಲಿ?”

“ಹೂಂ ಮತ್ತ,” ಅಂದಳು ಸೂಗಮ್ಮ. “ಮಂಗಳ ಆಗದ ಹೆಂಗ ಏಳೂದು ಯವ್ವಾ?”

ಈ ಸೀಮೆಯಲ್ಲಿ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಭಜನೆ ಎಷ್ಟು ಹೊತ್ತೇ ನಡೆಯಲಿ, ಬೆಳಗೇ ಹರಿಯಲಿ, ಕೊನೆಗೆ ಮಂಗಳದ ಪದ ಹಾಡಿದರೇ ಮುಗಿದಂತೆ. ಅದಕ್ಕೆ ಮೊದಲು ಎದ್ದರೆ ಹಾಡಿದವರಿಗೆ ಮಾಡಿದ ಅವಮಾನ. ಇವರೆಲ್ಲ ದಾನೇಶ್ವರಿಯ ಡಬಲ್ ಆಲ್ಬಮ್ಮಿಗೆ ಆ ಮರ್ಯಾದೆ ಕೊಟ್ಟು ಕೂತಿದ್ದರು. ಗುರುಬಸವ ತಲೆಯ ಮೇಲೆ ಕೈ ಹೊತ್ತು, “ಯಪ್ಪಾ, ಮಂಗಳ ಹಾಕೋದೇ ಮರತೀವಲ್ಲಾ!” ಅಂತ ಗಹಗಹಿಸಿ ನಕ್ಕ.

“ಮತ್ತ ಇಷ್ಟ ಲಗೂ ಮುಗಿಸಿದ್ರ ಹೆಂಗಬೇ?” ಅಂಬಪ್ಪಜ್ಜ ಗದರಿದ. “ಈಗರೇ ಕಿವಿ ಹಾಡಿಗಿ ಹೊಂದಾಕತ್ತಿದ್ವು. ಹಾಡಿಕಿ ಮಾಡಿದಾಕಿ ನೀ, ಮಂಗಳಾನೂ ನೀನೇ ಎತ್ತಬೇಕು. ಎತ್ತು.”

ದಾನೇಶ್ವರಿ ಎದ್ದು ನಿಂತಳು. ಹಗಲ ಪಾಳಿಯಲ್ಲಿ ಗಿರಣಿಯನ್ನೇ ಮೀರಿಸಿ ಕೂಗಿದವಳು ಈಗ ದನಿ ತಗ್ಗಿಸಿದಳು. ಚಿಕ್ಕಂದಿನಿಂದ ಕೇಳಿದ ಪದವನ್ನೇ ಎತ್ತಿದಳು. ಎರಡನೇ ಸಾಲಿಗೆ ಕಣ್ಣು ತುಂಬಿತು, ಮುಂದಕ್ಕೆ ಹೋಗಲಾಗಲಿಲ್ಲ.

ಸಾಲು ನೆಲಕ್ಕೆ ಬೀಳುವ ಮೊದಲೇ ಹಿಂದಿನಿಂದ ಒಬ್ಬರು ಅದನ್ನು ಎತ್ತಿಕೊಂಡರು. ಅಮರಗುಂಡಪ್ಪ. ಕಣ್ಣು ಮುಚ್ಚಿ, ಕೊರಳುಬ್ಬಿಸಿ ಹಾಡಿದ. ಅವನ ಹಿಂದೆ ಅಂಬಪ್ಪಜ್ಜ, ಸೂಗಮ್ಮ, ಪಕೀರಪ್ಪ, ಹಮಾಲರು. ಪದ ಬಾರದ ಕರೀಂಸಾಬ್ ಚಪ್ಪಾಳೆಯಿಂದ ತಾಳ ಹಿಡಿದ. ಆನಂದಕುಮಾರ ಎಣ್ಣೆ ಪೀಪಾಯಿ ಎಳೆದುಕೊಂಡು ಬಾರಿಸತೊಡಗಿದ. ಗುರುಬಸವ ಸದ್ದಿಲ್ಲದೆ ರೆಕಾರ್ಡಿನ ಗುಂಡಿ ಒತ್ತಿ, ಗಿಟಾರು ಕೊರಳಿಗೆ ಹಾಕಿಕೊಂಡ. ತಣ್ಣಗಿದ್ದ ಗಿರಣಿ ಆ ಎಲ್ಲ ದನಿಗಳನ್ನು ಗೋಡೆಗೆ ಬಡಿದು ವಾಪಸು ಕಳಿಸಿತು. ದಾನೇಶ್ವರಿ ಕಣ್ಣೊರೆಸಿಕೊಂಡು ಮತ್ತೆ ದನಿಗೂಡಿಸಿದಳು, ಈ ಸಲ ಪೂರ್ತಿ ಗಂಟಲಿನಿಂದ.

ಮಂಗಳ ಮುಗಿದ ಮೇಲೆಯೇ ಜನ ಎದ್ದರು. ಅಮರಗುಂಡಪ್ಪ ಮಗಳ ಹತ್ತಿರ ಬಂದು, ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡ.

“ಹಗಲಿಂದು ಗದ್ದಲ ಭಾಳ ಆತು,” ಅಂದ. “ರಾತ್ರಿದು ಬರೋಬ್ಬರಿ ಐತಿ.”

ಗುರುಬಸವ ಫೋನು ಕೈಗೆ ತೆಗೆದುಕೊಂಡ. ಸಂಜೆಯಾಗಿತ್ತು, ಮುಂಬೈಯವರು ಉತ್ತರಕ್ಕೆ ಕಾಯುತ್ತಿದ್ದರು. “ಏನಂತ ಬರೀಲಿ?”

“ಕತ್ರಿ ಹಾಕಂಗಿಲ್ಲ ಅಂತ ಬರಿ,” ಅಂದಳು ದಾನೇಶ್ವರಿ. “ಇನ್ನೊಂದು ಹಾಡು ಹೆಚ್ಚಾಗೈತಿ ಅಂತ ಬರಿ. ಅದು ಆಗೂತನ ಯಾರೂ ಏಳಬ್ಯಾಡ್ರಿ ಅಂತನೂ ಬರಿ.”