ನಾಯಿ ಸಾಯುವಾಗಿನ ಮೌನ

ವೇಡ್ ಶುಲ್ಟ್ಸ್‌ನ ಮೂಗು ಮುರಿದದ್ದು ಮಧ್ಯಾಹ್ನ. ಆದರೆ ಆ ಜಗಳದ ಬೆಂಕಿಗೆ ಬೇಕಾದ ಸೌದೆಯೆಲ್ಲ ಬೆಳಗ್ಗೆ ಮಾಂಸದ ಕಡುಬಿನಂಥ ಪಾಸ್ಟಿ ತಿನ್ನುವ ಹೊತ್ತಿಗೇ ಒಟ್ಟಾಗಿತ್ತು.

ಜೂನ್ ತಿಂಗಳ ರಜೆಯ ಸೋಮವಾರ ಪೋರ್ಟ್ ಪಿರಿ ಎಂಬ ಬಂದರು ಊರಿನ ಫುಟ್‌ಬಾಲ್ ಕ್ಲಬ್ಬಿನ ಹಾಲಿನಲ್ಲಿ ‘ಲಾಂದ್ರ’ ಆಟದ ಅಭಿಮಾನಿಗಳು ಸೇರುವುದು ರೂಢಿ. ಆ ಕಂಪ್ಯೂಟರ್ ಆಟವನ್ನು ಮಾಡಿದವರು ಇದೇ ಊರಿನ ಆಲ್ಬಿ ನ್ಯಾನ್‌ಕಿವೆಲ್. ಸೀಸದ ಕುಲುಮೆಯಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದವರು. ಪಾಳಿ ಮುಗಿಸಿ ಬಂದು ಅಡುಗೆಮನೆಯ ಮೇಜಿನ ಮೇಲೆ ಒಬ್ಬರೇ ಚಿತ್ರ ಬಿಡಿಸಿ, ಸಂಗೀತ ಕೂಡಿಸಿ, ಐದು ವರ್ಷ ದುಡಿದು ಅದನ್ನು ಪುಕ್ಕಟೆಯಾಗಿ ಲೋಕಕ್ಕೆ ಬಿಟ್ಟಿದ್ದರು. ಗಣಿಯೊಳಗೆ ಇಳಿಯುವ ಒಬ್ಬ ಹುಡುಗಿ, ಅವಳ ಕೈಯಲ್ಲೊಂದು ಲಾಂದ್ರ, ಹಿಂದೆ ಸ್ಮೋಕೋ ಎಂಬ ನಾಯಿ. ಆಟ ತೆರೆದ ಕೂಡಲೇ ಪರದೆಯ ಮೇಲೆ ಒಂದು ಸಾಲು ಬರುತ್ತದೆ: ‘ಪುಕ್ಕಟೆ ಸಿಕ್ಕಿದ್ದು, ಪುಕ್ಕಟೆಯಾಗೇ ಕೊಡಿ.’ ಅದರ ಕೆಳಗೆ ಆಲ್ಬಿಯ ಹೆಸರು.

ಸಿಡ್ನಿಯ ಒಂದು ಕಂಪನಿ ಆಲ್ಬಿಯ ಒಪ್ಪಿಗೆ ಪಡೆದು ಆಟಕ್ಕೆ ಹೊಸ ಬಣ್ಣ ಹಚ್ಚಿ ಆಗಲೇ ಎರಡು ಸಲ ಮಾರಿತ್ತು. ಈ ವರ್ಷ ಮೂರನೆಯದು ಬಂದಿತ್ತು. ಜತೆಗೊಂದು ಕೋರಿಕೆ: ಅಭಿಮಾನಿಗಳ ಜಾಲತಾಣದಲ್ಲಿರುವ ಹಳೆಯ ಪುಕ್ಕಟೆ ಆಟವನ್ನು ತೆಗೆದುಬಿಡಬೇಕು. ಕೊನೆಯ ಮಾತು ಆಲ್ಬಿಯದೇ ಎಂದೂ ಕಂಪನಿ ಹೇಳಿತ್ತು. ಇವತ್ತು ಆಟ ಮುಗಿದ ಮೇಲೆ ಅವರು ಎದ್ದು ನಿಂತು ಆ ಮಾತನ್ನು ಹೇಳಬೇಕಿತ್ತು.

ಜಾಲತಾಣವನ್ನು ನೋಡಿಕೊಳ್ಳುತ್ತಿದ್ದವಳು ಟೀಗನ್ ಟ್ರೆಜೀಸ್. ಹೊಟ್ಟೆಪಾಡಿಗೆ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಹದಿನೈದನೇ ವಯಸ್ಸಿನಲ್ಲಿ, ಮನೆಯಲ್ಲಿ ಬ್ರೆಡ್ಡಿಗೂ ತತ್ವಾರವಿದ್ದ ಒಂದು ಚಳಿಗಾಲದಲ್ಲಿ, ಲೈಬ್ರರಿಯಲ್ಲಿ ಯಾರೋ ಅಪರಿಚಿತ ಹೆಂಗಸು ಅವಳ ಕೈಗೆ ಈ ಆಟದ ಸಿ.ಡಿ. ತುರುಕಿ, “ಮುಗಿದ ಮೇಲೆ ಇನ್ನೊಬ್ಬರಿಗೆ ಕೊಡು” ಎಂದು ಹೋಗಿದ್ದಳು. ಆ ಚಳಿಗಾಲವನ್ನು ಟೀಗನ್ ದಾಟಿದ್ದು ಆ ಗಣಿಯೊಳಗೇ. ಅಂಥದೇ ಮನೆಯ ಇನ್ನೊಂದು ಮಗುವಿಗೆ ಆ ಬಾಗಿಲು ಮುಚ್ಚಬಾರದು ಎಂಬುದಷ್ಟೇ ಅವಳ ವಾದ. ಆಲ್ಬಿ ‘ಹಳೆಯದು ಬೇಡ’ ಎಂದರೆ ಮುಚ್ಚಲೇಬೇಕಿತ್ತು.

“ಮನುಷ್ಯ ವರ್ಷಗಟ್ಲೆ ದುಡಿದಿದಾನೆ. ಮುದಿ ವಯಸ್ಸಲ್ಲಿ ನಾಲ್ಕು ಕಾಸು ಸಿಕ್ಕರೆ ನಿಂಗ್ಯಾಕೆ ಹೊಟ್ಟೆಯುರಿ?” ಬೆಳಗ್ಗೆ ವೇಡ್ ಕೇಳಿದ್ದ. ಬಂದರಿನಲ್ಲಿ ಕ್ರೇನ್ ನಡೆಸುವವನು. ‘ಲಾಂದ್ರ’ ಆಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಹೊಸ ಆವೃತ್ತಿಯನ್ನು ಪರೀಕ್ಷಿಸಿ ನೋಡಲು ಕಂಪನಿ ಕರೆದದ್ದೂ ಅವನನ್ನೇ.

“ಸಿಗಲಿ ಕಣೋ. ಮೂರು ಸಲವೂ ದುಡ್ಡು ಕೊಟ್ಟು ತಗೊಂಡಿದೀನಿ ನಾನು. ತಗೊಳಕ್ಕಾಗ್ದೇ ಇರೋರು ಏನ್ ಮಾಡ್ಬೇಕು?”

“ದುಡೀಬೇಕು.”

“ಹತ್ತು ವರ್ಷದ ಮಗು?”

“ಮನೆಮನೆಗೆ ಪೇಪರ್ ಹಾಕ್ಲಿ. ನಾನ್ ಹಾಕಿಲ್ವಾ?”

ಹೊರಗೆ ಕಬ್ಬಿಣದ ಕಾವಲಿಯ ಮೇಲೆ ಈರುಳ್ಳಿ ಹುರಿಯುತ್ತಿದ್ದ ಸ್ಟಾವ್ ಪಾಪಸ್ ಬಾಗಿಲಿಗೆ ಬಂದು ನಿಂತ. ಮೀನುಗಾರ, ಟೀಗನ್ನಳ ಕಡೆಯವನು. “ಲೇ ವೇಡ್, ಕಂಪನಿಯೋರು ನಿಂಗೆ ಒಂದು ಟೀ ಶರ್ಟ್ ಕೊಟ್ರು. ನೀನು ಬದಲಿಗೆ ನಾಲಿಗೇನೇ ಬಿಚ್ಚಿ ಕೊಟ್ಬಿಟ್ಯಲ್ಲೋ!”

ಉಳಿದವರೆಲ್ಲ ನಕ್ಕರು. ವೇಡ್ ನಗಲಿಲ್ಲ.

ಆಮೇಲೆ ಆಟ ಶುರುವಾಯಿತು. ಪ್ರತಿವರ್ಷದಂತೆ, ಒಬ್ಬೊಬ್ಬರು ಒಂದೊಂದು ಹಂತ ಆಡಿ ಮುಂದಿನವರಿಗೆ ಕುರ್ಚಿ ಬಿಡುವುದು. ಅದಕ್ಕೆಂದೇ ಕ್ಲಬ್ಬಿನವರು ಹಳದಿಗಟ್ಟಿದ ಒಂದು ಹಳೆಯ ಕಂಪ್ಯೂಟರನ್ನು ಕಾಪಾಡಿಕೊಂಡು ಬಂದಿದ್ದರು. ಕಾರಣವಿತ್ತು. ಗಣಿಯ ತಳದಲ್ಲಿ ಬಂಡೆ ಉರುಳಿ ಸ್ಮೋಕೋ ಸಾಯುತ್ತದೆ. ಆಗ ಪರದೆ ನಿಂತುಬಿಡುತ್ತದೆ. ಸದ್ದಿಲ್ಲ, ಅಲುಗಾಟವಿಲ್ಲ. ಒಂದು ದೀರ್ಘ ಉಸಿರಿನಷ್ಟು ಹೊತ್ತಿನ ಮೇಲೆ ಹುಡುಗಿ ನಾಯಿಯನ್ನು ಕರೆಯುವ ಸಿಳ್ಳು ಕೇಳಿಸುತ್ತದೆ. ಆ ಮೌನಕ್ಕೆ ಎಲ್ಲರೂ ಎದ್ದು ಟೋಪಿ ತೆಗೆಯುತ್ತಿದ್ದರು. ಹೊಸ ಕಂಪ್ಯೂಟರಿನಲ್ಲಿ ಅದು ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ‘ಹೊಸ ಯಂತ್ರಕ್ಕೆ ದುಃಖ ಗೊತ್ತಿಲ್ಲ’ ಎಂಬುದು ಅವರಲ್ಲಿ ಗಾದೆಯೇ ಆಗಿತ್ತು. ಯಾಕೆ ಹಾಗೆ ಎಂದು ಒಬ್ಬರೂ ಕೇಳಿರಲಿಲ್ಲ.

ಬಂಡೆ ಉರುಳುವ ಹಂತ ಟೀಗನ್ನಳ ಪಾಲಿಗೆ ಬಂತು. ಉರುಳಿತು. ಕುರ್ಚಿಗಳು ಸರಿದವು, ಟೋಪಿಗಳು ಕೆಳಗಿಳಿದವು. ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಆಲ್ಬಿಯೂ ಮೊಣಕಾಲು ಹಿಡಿದುಕೊಂಡು ಎದ್ದರು.

ಮೌನ ಬರಲಿಲ್ಲ. ಬಂಡೆಯ ಹಿಂದೆಯೇ ಸಿಳ್ಳು ಕೇಳಿಸಿತು. ಸತ್ತ ನಾಯಿಯನ್ನು ಬಿಟ್ಟು ಹುಡುಗಿ ಆಗಲೇ ಮುಂದಕ್ಕೆ ಕಾಲಿಟ್ಟಿದ್ದಳು.

ವೇಡ್ ಮೇಜಿನ ಹಾಸು ಎಳೆದ. ಹಳೆಯ ಕಂಪ್ಯೂಟರಿನ ಡಬ್ಬದ ಹಿಂದೆ ಅವನ ಲ್ಯಾಪ್‌ಟಾಪ್ ಚಾಲೂ ಇತ್ತು. ಕೀಲಿಮಣೆ, ಪರದೆ ಎರಡರ ತಂತಿಯೂ ಅದಕ್ಕೇ ಹೋಗಿತ್ತು.

“ಬೆಳಗ್ಗಿಂದ ಆಡ್ತಿರೋದು ಹೊಸದು ಕಣ್ರಪ್ಪಾ! ಮೇಲೆ ಹಳೇ ಆಟದ ಚಿತ್ರಗಳ ಹೊದಿಕೆ ಹಾಕಿಟ್ಟಿದ್ದೆ, ಅಷ್ಟೇ. ಹಳೇದ್ರಲ್ಲಿ ಪ್ರಾಣ ಇದೆ, ಆತ್ಮ ಇದೆ ಅಂತ ಬೊಬ್ಬೆ ಹೊಡೀತಿದ್ರಲ್ಲ, ಒಬ್ರಿಗಾದ್ರೂ ಗೊತ್ತಾಯ್ತಾ? ಟೀಗನ್, ನಿಂಗೆ? ನಿನ್ನ ಬೆರಳೇ ಇತ್ತಲ್ಲ ಅದ್ರ ಮೇಲೆ!”

ಯಾರಿಗೂ ಗೊತ್ತಾಗಿರಲಿಲ್ಲ. ಅವರಿಗೆ ಉರಿದದ್ದೇ ಅದಕ್ಕೆ. ಟೋಪಿ ಕೈಯಲ್ಲಿ ಹಿಡಿದು ನಿಂತ ಅಷ್ಟು ಜನರ ಎದುರು ಅವನು ನಗುತ್ತಿದ್ದ.

ಮೊದಲ ಏಟು ಸ್ಟಾವ್‌ನದು. ಒಣಕೊಂಬೆ ಮುರಿದಂಥ ಸದ್ದಾಯಿತು. ವೇಡ್ ಮೂಗು ಮುಟ್ಟಿ ನೋಡಿಕೊಂಡ, ಕೈಯ ರಕ್ತವನ್ನು ಟೀ ಶರ್ಟಿಗೆ ಒರೆಸಿಕೊಂಡ. ಮರುಕ್ಷಣ ಸ್ಟಾವ್‌ನ ಕುತ್ತಿಗೆ ಹಿಡಿದು ಬಾಗಿಲಾಚೆಗೆ ನೂಕಿದ. ಇಬ್ಬರೂ ಕಾವಲಿಯ ಮೇಲೆ ಬಿದ್ದರು. ಸ್ಟಾವ್‌ನ ಅಂಗೈ ಈರುಳ್ಳಿಯ ನಡುವೆ ಚುರ್ರೆಂದಿತು. ಅವನ ಕೂಗಿಗೆ ಮೈದಾನದ ಸೀಗಲ್ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಅಷ್ಟರಲ್ಲಿ ಹಾಲಿನೊಳಗೆ ಎರಡು ಪಂಗಡವಾಗಿತ್ತು. ಹತ್ತಾರು ವರ್ಷ ಒಂದೇ ಮೇಜಿನಲ್ಲಿ ಉಂಡವರು ಜುಟ್ಟು ಹಿಡಿದುಕೊಂಡಿದ್ದರು. ಯಾರೋ ಯಾರದೋ ಕಿವಿ ಕಚ್ಚಿದರು. ಟೀಗನ್ನಳ ತುಟಿಗೆ ಯಾರ ಮೊಣಕೈ ಬಡಿಯಿತೋ ತಿಳಿಯಲಿಲ್ಲ. ಬಾಯಿ ತುಂಬ ರಕ್ತದ ಉಪ್ಪು.

ವೇಡ್ ಒಳಗೆ ಬಂದ. ಹಳೆಯ ಕಂಪ್ಯೂಟರನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿದ.

“ಇಡೋ ಕೆಳಗೆ!” ಟೀಗನ್ ಕಿರುಚಿದಳು.

“ತಗೋ, ನಿನ್ನ ಮೌನ!” ಎಂದು ಅವನು ಅದನ್ನು ಸಿಮೆಂಟು ನೆಲಕ್ಕೆ ಅಪ್ಪಳಿಸಿದ. ತಗಡು ಬಾಯ್ಬಿಟ್ಟಿತು. ಒಳಗಿನ ಹಸಿರು ಸರ್ಕ್ಯೂಟ್ ಹಲಗೆ ಎರಡು ತುಂಡಾಗಿ ಅವಳ ಕಾಲ ಬಳಿ ಬಂದು ಬಿತ್ತು.

ಮಡಚುವ ಕುರ್ಚಿಯೊಂದು ಅವಳ ಕೈಗೆ ಬಂತು. ಉಕ್ಕಿನ ಕಾಲು. ಮೈಯಲ್ಲಿದ್ದ ಬಲವನ್ನೆಲ್ಲ ಕೂಡಿಸಿ, ವೇಡ್‌ನ ತಲೆಗೇ ಗುರಿಯಿಟ್ಟು ಬೀಸಿದಳು. ಅವನನ್ನು ಕೊಲ್ಲಬೇಕೆಂದೇ ಆ ಕ್ಷಣದಲ್ಲಿ ಅವಳಿಗೆ ಅನ್ನಿಸಿತ್ತು.

“ಸಾಕು ನಿಲ್ಸಿ—” ಎನ್ನುತ್ತ ಆಲ್ಬಿ ನಡುವೆ ಬಂದರು. ತಡೆಯಲೆಂದು ಬಲಗೈ ಎತ್ತಿದ್ದರು. ಉಕ್ಕು ಮೊದಲು ಆ ಕೈಗೆ, ಆಮೇಲೆ ಹುಬ್ಬಿಗೆ ಬಡಿಯಿತು. ಅವರು ಸದ್ದು ಮಾಡದೆ ಕುಸಿದರು.

ಆಗ ಹಾಲಿನಲ್ಲಿ ನಿಜವಾದ ಮೌನ ಬಂತು. ಟೋಪಿ ತೆಗೆಯಲು ಯಾರ ತಲೆಯ ಮೇಲೂ ಟೋಪಿ ಉಳಿದಿರಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಂದೇ ಸಾಲಿನ ಕುರ್ಚಿಗಳಲ್ಲಿ ಎಲ್ಲರೂ ಕುಳಿತಿದ್ದರು: ಮೂಗಿಗೆ ಬಟ್ಟೆ ಒತ್ತಿಕೊಂಡ ವೇಡ್, ಒದ್ದೆ ಬಟ್ಟೆಯಲ್ಲಿ ಅಂಗೈ ಸುತ್ತಿಕೊಂಡ ಸ್ಟಾವ್, ತುಟಿ ಊದಿದ ಟೀಗನ್, ಹುಬ್ಬಿಗೆ ಹೊಲಿಗೆ ಬಿದ್ದ ಆಲ್ಬಿ. ಆಲ್ಬಿಯ ಬಲಗೈಯ ಎರಡು ಬೆರಳು ಮುರಿದಿದ್ದವು. ಪೊಲೀಸ್ ಪೇದೆಯೊಬ್ಬಳು ಬಂದು ಏನಾಯಿತೆಂದು ಕೇಳಿದಳು. “ಕುರ್ಚಿಗಳ ರಾಶಿ ಮೈಮೇಲೆ ಬಿತ್ತು” ಎಂದರು ಆಲ್ಬಿ. ಅವಳು ಸಾಲಾಗಿ ಎಲ್ಲರ ಮುಖ ನೋಡಿ, “ದೊಡ್ಡ ರಾಶಿನೇ ಇರ್ಬೇಕು” ಎಂದು ಹೋದಳು.

“ಆಲ್ಬಿ, ನಾನು ನಿಮ್ಮನ್ನ…” ಎಂದಳು ಟೀಗನ್.

“ಆ ಮೌನ ನಾನಿಟ್ಟಿದ್ದಲ್ಲ,” ಎಂದರು ಆಲ್ಬಿ, ಎದುರಿನ ಗೋಡೆ ನೋಡುತ್ತ. “ಸಿಳ್ಳಿನ ಫೈಲು ದೊಡ್ಡದಿತ್ತು. ಹಳೇ ಯಂತ್ರ ಅದನ್ನ ಹುಡುಕಿ ಎತ್ತೋ ಹೊತ್ತಿಗೆ ಏದುಸಿರು ಬಿಡ್ತಿತ್ತು, ಅಷ್ಟೇ. ಸರಿ ಮಾಡೋದು ನಂಗೆ ಬರ್ಲಿಲ್ಲ. ಹೋಗ್ಲಿ ಅಂತ ಬಿಟ್ಟೆ. ಈಗ ಕಂಪನಿಯೋರಿಗೆ, ಮೊದ್ಲು ಅದನ್ನ ಸರಿಮಾಡ್ರಪ್ಪಾ ಅಂದಿದ್ದು ನಾನೇ.”

ವೇಡ್ ಬಟ್ಟೆಯೊಳಗಿಂದಲೇ ಏನೋ ಗೊಣಗಿದ.

“ನೀನು ಬಾಯ್ಮುಚ್ಕೊಂಡಿರು,” ಎಂದರು ಆಲ್ಬಿ.

“ಪ್ರತಿವರ್ಷ ಎದ್ದು ನಿಲ್ತಿದ್ವಿ. ನೀವೂ ನಿಲ್ತಿದ್ರಲ್ಲ?” ಎಂದಳು ಟೀಗನ್.

“ಅಷ್ಟು ಜನ ನಿಂತಾಗ ಒಬ್ಬನೇ ಹೆಂಗೆ ಕೂತಿರ್ಲಿ? ಒಂದ್ಸಲ ಹೇಳ್ಬೇಕಿತ್ತು. ನಿಮ್ಮ ಮುಖ ನೋಡಿ ಹೇಳಕ್ಕಾಗ್ಲಿಲ್ಲ.”

ಟೀಗನ್ ಕೇಳಿದಳು, “ಇವತ್ತು ಏನ್ ಹೇಳೋರಿದ್ರಿ?”

“ಹಳೇದು ಇರ್ಲಿ ಬಿಡಿ ಅಂತ.”

ಅವಳು ಮುಖ ಮುಚ್ಚಿಕೊಂಡಳು.

“ಈಗ್ಲೂ ಇರ್ಲಿ. ಮಕ್ಕಳು ಆಡ್ಲಿ. ಹಳೇದ್ರಿಂದ ನನ್ನ ಹೆಸರು ಮಾತ್ರ ತೆಗೆದ್ಬಿಡು. ಹೊಸದ್ರ ಮೇಲಿದೆಯಲ್ಲ, ಸಾಕು. ಮುಂದಿನ ವರ್ಷ ನನ್ನ ಕರೀಬೇಡಿ.”

“ಆಲ್ಬಿ—”

“ಅಡುಗೆಮನೇಲಿ ನಾನು ಮಾಡಿದ್ದಕ್ಕೆ ಯಾರೂ ರಕ್ತ ಸುರಿಸ್ತಿರ್ಲಿಲ್ಲ ಕಣಮ್ಮಾ. ಇವತ್ತು ಹಾಲಿನಲ್ಲಿ ಇದ್ದಿದ್ದು ನನ್ನ ಆಟ ಅಲ್ಲ, ನೀವು ಮಾಡ್ಕೊಂಡಿದ್ದು.”

ಮರುದಿನ ಬೆಳಗಿನ ಬಸ್ಸು ಮುಗಿಸಿ ಬಂದು ಟೀಗನ್ ಕೆಲಸಕ್ಕೆ ಕುಳಿತಳು. ಹೆಸರು ಟೈಪ್ ಮಾಡಿದ ಅಕ್ಷರದಲ್ಲಿರಲಿಲ್ಲ, ಆಲ್ಬಿ ಅದನ್ನು ಚುಕ್ಕೆ ಚುಕ್ಕೆಯಾಗಿ ಬಿಡಿಸಿದ್ದರು. ಚುಕ್ಕೆ ಚುಕ್ಕೆಯಾಗಿಯೇ ಅಳಿಸಬೇಕಿತ್ತು. ಕುರ್ಚಿ ಬೀಸಿದ ರಭಸಕ್ಕೆ ಅವಳ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಎಡಗೈಯಲ್ಲಿ ಮೌಸ್ ಹಿಡಿದು, ತಪ್ಪಿ, ಮತ್ತೆ ಹಿಡಿದು, ಕಪ್ಪು ಪರದೆಯ ಮೇಲಿನ ಆ ಚುಕ್ಕೆಗಳಿಗೂ ಕಪ್ಪು ಬಳಿದಳು. ‘ಪುಕ್ಕಟೆಯಾಗೇ ಕೊಡಿ’ ಎಂಬ ಸಾಲಿನ ಕೆಳಗೆ ಏನೂ ಉಳಿಯಲಿಲ್ಲ. ಆಟವನ್ನು ಮತ್ತೆ ಜಾಲತಾಣಕ್ಕೆ ಏರಿಸಿದಳು.

ಮಧ್ಯಾಹ್ನದ ಬಸ್ಸಿಗೆ ಹೊರಡುವ ಮುಂಚೆ ಮೊದಲ ಸಂದೇಶ ಬಂದಿತ್ತು. ಪರ್ತ್‌ನಿಂದ ಯಾರೋ, ಗುರುತಿಲ್ಲದವರು: ‘ಆಲ್ಬಿಯ ಹೆಸರು ಅಳಿಸಿದ ನಾಯಿ ಯಾರು? ಅಂಥವರ ಕೈ ಮುರಿಯಬೇಕು.’

ಟೀಗನ್ ನಿಂತುಕೊಂಡೇ ಎಡಗೈಯಲ್ಲಿ ಉತ್ತರ ಬರೆದಳು: ‘ಅಳಿಸಲು ಹೇಳಿದವರು ಅವರೇ. ಕೈ ಮುರಿದಾಗಿದೆ, ಅವರದೇ. ಮುರಿದವಳು ನಾನು.’

ಕಳಿಸಿ, ಬಸ್ಸಿನ ಕೀಲಿ ತೆಗೆದುಕೊಂಡಳು.